ಛೇತ್ರಿ ಗೋಡೆ ಫಲಕ: ಮುದ್ರಣ ಚೆನ್ನಾಗಿದೆ, ಕೆಲವು ಸಾಲು ತಿದ್ದಿಸಿಯೇ ತೆಗೆದುಕೊಳ್ಳಿ

ಕಾಸರಗೋಡು ಪೇಟೆಯ ಒಂದು ಡಿಜಿಟಲ್ ಪ್ರಿಂಟಿಂಗ್ ಅಂಗಡಿ ಭಾರತದ ಫುಟ್‌ಬಾಲ್ ಆಟಗಾರ ಸುನಿಲ್ ಛೇತ್ರಿಯ ಆಟದ ಬದುಕನ್ನು ಕನ್ನಡದಲ್ಲಿ ಒಂದೇ ಫಲಕಕ್ಕೆ ಇಳಿಸಿ ಮಾರುತ್ತಿದೆ. ಕ್ಲಬ್ಬಿನ ಕೋಣೆ, ಶಾಲೆಯ ವರಾಂಡ, ಗ್ರಂಥಾಲಯದ ಗೋಡೆಗೆಂದೇ ಮಾಡಿದ್ದು. ಅಗಲ 4 ಅಡಿ, ಎತ್ತರ 3 ಅಡಿ. 5 ಮಿ.ಮೀ. ಸನ್‌ಬೋರ್ಡಿನ (ಹಗುರ ಫೋಮ್ ಹಲಗೆ) ಮೇಲೆ ವಿನೈಲ್ ಅಂಟಿಸಿ ಮ್ಯಾಟ್ ಲ್ಯಾಮಿನೇಶನ್ ಮಾಡಿದ್ದಕ್ಕೆ 1,450 ರೂಪಾಯಿ, ಅದೇ ವಿನ್ಯಾಸ ಬಟ್ಟೆಯ ಮೇಲಾದರೆ 700. ಈ ಜಿಲ್ಲೆಯಲ್ಲಿ ಫುಟ್‌ಬಾಲ್ ಆಟಗಾರರ ಫಲಕಗಳು ಮಲಯಾಳದಲ್ಲಿ ಬೇಕಾದಷ್ಟು ಸಿಗುತ್ತವೆ. ಕುಂಬಳೆ, ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಶಾಲೆಗಳಿಗೆ ಹಾಕುವಂಥದ್ದು, ಅದೂ ಇಷ್ಟು ವಿವರ ಇರುವುದು, ಅಪರೂಪ. ಮಕ್ಕಳು ದಿನಾ ಓದುವ ಗೋಡೆಯ ಮೇಲೆ ತಪ್ಪು ಅಂಕಿ ಇರಕೂಡದು. ಅದಕ್ಕಾಗಿ ಇದನ್ನು ಸಾಲುಸಾಲಾಗಿ ನೋಡುವುದು ಅಗತ್ಯ.

ವಿನ್ಯಾಸ ಸರಳ. ಎಡಗಡೆ ಭಾರತ ತಂಡದ ಆಟ, ಬಲಗಡೆ ಕ್ಲಬ್‌ಗಳು, ಕೆಳಗಿನ ಪಟ್ಟಿಯಲ್ಲಿ ಪ್ರಶಸ್ತಿಗಳು. ನಡುವೆ ಫೋಟೋ ಇಲ್ಲ, ಚೆಂಡು ಒದೆಯುವ ಭಂಗಿಯ ರೇಖಾಚಿತ್ರ ಉಂಟು. ಇದು ಒಳ್ಳೆಯ ನಿರ್ಧಾರ. ಇಂಟರ್‌ನೆಟ್ಟಿನಿಂದ ಇಳಿಸಿದ ಫೋಟೋವನ್ನು 3 ಅಡಿಗೆ ಹಿಗ್ಗಿಸಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ವೆಕ್ಟರ್ ರೇಖೆಯನ್ನು ಎಷ್ಟು ದೊಡ್ಡದು ಮಾಡಿದರೂ ಅಂಚು ಹಾಗೆಯೇ ಚೂಪಾಗಿ ಉಳಿಯುತ್ತದೆ.

ಎಡಗಡೆಯ ಆರಂಭ ಸರಿಯಾಗಿದೆ. 2005ರ ಜೂನ್ 12, ಕ್ವೆಟ್ಟಾ, ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯ, ಅದರಲ್ಲೇ ಮೊದಲ ಗೋಲು, ಫಲಿತಾಂಶ 1–1. ಎದುರಾಳಿ, ಊರು, ಫಲಿತಾಂಶ ಮೂರನ್ನೂ ಕೊಟ್ಟಿದ್ದಾರೆ. ಸ್ಟ್ರೈಕರ್ ಒಬ್ಬನ ಗೋಲನ್ನು ತೂಗಬೇಕಾದರೆ ಈ ಮೂರೂ ಬೇಕು. ಮುಂದಿನ ಸಾಲುಗಳಲ್ಲಿ ಈ ಶಿಸ್ತು ಸಡಿಲವಾಗುತ್ತದೆ. 2008ರ ಎದುರಿಗೆ ಬರೀ ‘ತಜಕಿಸ್ತಾನದ ವಿರುದ್ಧ ಹ್ಯಾಟ್ರಿಕ್’ ಎಂದಿದೆ. ಅದು ಆಗಸ್ಟ್ 13ರಂದು ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ನಡೆದ ಎಎಫ್‌ಸಿ (ಏಷ್ಯಾದ ಫುಟ್‌ಬಾಲ್ ಒಕ್ಕೂಟ) ಚಾಲೆಂಜ್ ಕಪ್ ಫೈನಲ್. 4–1ರ ಆ ಗೆಲುವಿನಿಂದ ಭಾರತಕ್ಕೆ 2011ರ ಏಷ್ಯನ್ ಕಪ್‌ಗೆ ದಾರಿಯಾಯಿತು, 1984ರ ನಂತರ ಮೊದಲ ಬಾರಿ. ಛೇತ್ರಿಯ ಅಷ್ಟೂ ಹ್ಯಾಟ್ರಿಕ್‌ಗಳಲ್ಲಿ ದೇಶದ ತಂಡಕ್ಕೆ ಹೆಚ್ಚು ಫಲ ಕೊಟ್ಟದ್ದು ಇದೇ. ಈ ಕಾರಣ ಬರೆಯದಿದ್ದರೆ ಆ ಸಾಲು ಬರೀ ಅಂಕಿಯಾಗಿ ಉಳಿಯುತ್ತದೆ. ಜೊತೆಗೆ ದೋಹಾದ ಆ ಏಷ್ಯನ್ ಕಪ್‌ನಲ್ಲಿ ಬಹ್ರೇನ್ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಆತ ಒಂದೊಂದು ಗೋಲು ಹೊಡೆದದ್ದನ್ನೂ ಸೇರಿಸಬೇಕು. ಎರಡೂ ಪಂದ್ಯಗಳನ್ನು ಭಾರತ ಸೋತಿತು, 2–5 ಮತ್ತು 1–4. ಸೋತ ಪಂದ್ಯದ ಗೋಲನ್ನು ಬಿಡುವ ಅಭ್ಯಾಸ ಈ ಫಲಕದಲ್ಲಿ ಉದ್ದಕ್ಕೂ ಕಾಣುತ್ತದೆ. ಅದು ಒಳ್ಳೆಯದಲ್ಲ.

ಹ್ಯಾಟ್ರಿಕ್ ಎಣಿಕೆಯಲ್ಲೂ ಒಂದು ಕಡಿಮೆ. ಫಲಕದಲ್ಲಿ ಮೂರು ಇವೆ, ಆಗಬೇಕಾದ್ದು ನಾಲ್ಕು: 2008ರಲ್ಲಿ ತಜಕಿಸ್ತಾನ, 2010ರಲ್ಲಿ ಪುಣೆಯಲ್ಲಿ ವಿಯೆಟ್ನಾಂ, 2018ರಲ್ಲಿ ಮುಂಬೈಯಲ್ಲಿ ಚೈನೀಸ್ ತೈಪೆ, 2023ರ ಜೂನ್ 21ರಂದು ಬೆಂಗಳೂರಿನಲ್ಲಿ ಪಾಕಿಸ್ತಾನ. ಬಿಟ್ಟುಹೋದದ್ದು ವಿಯೆಟ್ನಾಂ ವಿರುದ್ಧದ್ದು. ಅದು ಸೌಹಾರ್ದ ಪಂದ್ಯವಾದ ಕಾರಣ ಬಿಟ್ಟಿರಬೇಕು. ಆದರೆ ಎರಡು ದೇಶಗಳ ಹಿರಿಯರ ತಂಡಗಳ ಅಧಿಕೃತ ಸೌಹಾರ್ದ ಪಂದ್ಯದ ಗೋಲೂ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ಒಟ್ಟು ಗೋಲುಗಳಲ್ಲಿ ಅದನ್ನು ಎಣಿಸಿ ಹ್ಯಾಟ್ರಿಕ್‌ಗಳಲ್ಲಿ ಬಿಟ್ಟರೆ ಒಂದೇ ಫಲಕದೊಳಗೆ ಎರಡು ಲೆಕ್ಕವಾಗುತ್ತದೆ.

ದೊಡ್ಡ ತಪ್ಪು ಇರುವುದು 2018ರಲ್ಲಿ. ‘100ನೇ ಪಂದ್ಯ, 64 ಗೋಲು, ಮೆಸ್ಸಿಗೆ ಸಮ’ ಎಂದು ಒಂದೇ ಚೌಕದಲ್ಲಿ ಹಾಕಿದ್ದಾರೆ. ಇವು ಬೇರೆ ಬೇರೆ ದಿನದ ಸಂಗತಿಗಳು. ಇಂಟರ್‌ಕಾಂಟಿನೆಂಟಲ್ ಕಪ್ ಟೂರ್ನಿ ಶುರುವಾದದ್ದು ಜೂನ್ 1ರಂದು, ತೈಪೆ ವಿರುದ್ಧ 5–0, ಮೂರು ಗೋಲು, ಅಲ್ಲಿಗೆ ದೇಶದ ಪರ ಒಟ್ಟು 59. ಕ್ರೀಡಾಂಗಣಕ್ಕೆ ಬನ್ನಿ ಎಂದು ಆತ ವಿಡಿಯೋದಲ್ಲಿ ಕೇಳಿಕೊಂಡದ್ದು ಈ ಪಂದ್ಯದ ನಂತರ. ಜೂನ್ 4ರಂದು ಕೀನ್ಯಾ ವಿರುದ್ಧ 100ನೇ ಪಂದ್ಯ, 3–0, ಎರಡು ಗೋಲು, 61. ನ್ಯೂಜಿಲೆಂಡ್ ಎದುರು 1–2ರಲ್ಲಿ ಸೋತಾಗಿನ ಗೋಲು 62ನೆಯದು. ಜೂನ್ 10ರ ಫೈನಲ್‌ನಲ್ಲಿ ಮತ್ತೆ ಕೀನ್ಯಾ, 2–0, ಎರಡೂ ಛೇತ್ರಿಯದೇ. 64 ಆದದ್ದು ಆಗ. ಒಂದೇ ಟೂರ್ನಿಯಲ್ಲಿ ಎಂಟು ಗೋಲು! ಈ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸಿದರೆ ನೋಡುವ ಮಗುವಿಗೆ ಸ್ಟ್ರೈಕರ್ ಅಂದರೆ ಏನೆಂದು ತಾನೇ ತಿಳಿಯುತ್ತದೆ. ಅಂಗಡಿಯವರಿಗೆ ಇದೊಂದು ಚೌಕವನ್ನು ದೊಡ್ಡದು ಮಾಡಲು ಹೇಳಿ. ಜಾಗ ಬೇಕಾದರೆ ನಡುವಿನ ರೇಖಾಚಿತ್ರವನ್ನು ನಾಲ್ಕಿಂಚು ಕುಗ್ಗಿಸಲಿ.

ಕೊನೆಯ ಸಾಲು ಹಳತಾಗಿದೆ. 2024ರ ಜೂನ್ 6, ಕೋಲ್ಕತ್ತದ ಸಾಲ್ಟ್ ಲೇಕ್, ಕುವೈತ್ ವಿರುದ್ಧ 0–0, 151 ಪಂದ್ಯ, 94 ಗೋಲು, ನಿವೃತ್ತಿ ಎಂದು ಫಲಕ ಮುಗಿಯುತ್ತದೆ. ಅಲ್ಲಿವರೆಗೆ ಸರಿಯೇ. ಆದರೆ ಆತ ಮರಳಿ ಬಂದು 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 95ನೇ ಗೋಲು ಹೊಡೆದಾಗಿದೆ. 94ನೆಯದು ಗುವಾಹಾಟಿಯ ಪೆನಾಲ್ಟಿ, 2024ರ ಮಾರ್ಚ್ 26, ಆತನ 150ನೇ ಪಂದ್ಯ. ಅಫ್ಘಾನಿಸ್ತಾನಕ್ಕೆ ಅಂದು ಭಾರತ 1–2ರಲ್ಲಿ ಸೋತಿತು ಎಂಬುದನ್ನು ಇಲ್ಲಿಯೂ ಬಿಟ್ಟಿದ್ದಾರೆ. ‘ವಿಶ್ವದಲ್ಲಿ 3ನೇ ಸ್ಥಾನ’ ಎಂಬುದನ್ನೂ ತಿದ್ದಬೇಕು. ದೇಶದ ಪರ ಹೊಡೆದ ಗೋಲುಗಳ ಲೆಕ್ಕದಲ್ಲಿ, ಆಗ ಆಡುತ್ತಿದ್ದವರಲ್ಲಿ ರೊನಾಲ್ಡೊ, ಮೆಸ್ಸಿ ನಂತರ ಮೂರನೆಯವನು. ಆಟ ಬಿಟ್ಟ ಇರಾನಿನ ಅಲಿ ದಾಯಿಯನ್ನೂ ಸೇರಿಸಿದರೆ ನಾಲ್ಕನೆಯವನು. ಬದಲಾಗಬಹುದಾದ ಯಾವ ಸ್ಥಾನವನ್ನೇ ಬರೆದರೂ ಪಕ್ಕದಲ್ಲಿ ಇಂಥ ತಿಂಗಳವರೆಗೆ ಎಂದು ಸಣ್ಣಕ್ಷರದಲ್ಲಿ ಹಾಕಿಸಿ. ಇಲ್ಲದಿದ್ದರೆ ಎರಡು ವರ್ಷದಲ್ಲಿ ಫಲಕ ಸುಳ್ಳು ಹೇಳತೊಡಗುತ್ತದೆ.

ಬಲಗಡೆ ಕ್ಲಬ್‌ಗಳ ಸರಣಿ ಸರಿಯಿದೆ: 2002ರಲ್ಲಿ ಮೋಹನ್ ಬಗಾನ್, ಆಮೇಲೆ ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, 2010ರಲ್ಲಿ ಅಮೆರಿಕದ ಕಾನ್ಸಸ್ ಸಿಟಿ ವಿಝರ್ಡ್ಸ್, ಚಿರಾಗ್ ಯುನೈಟೆಡ್, ಮತ್ತೆ ಬಗಾನ್, 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್, ಎರವಲಾಗಿ ಚರ್ಚಿಲ್ ಬ್ರದರ್ಸ್, 2013ರಿಂದ ಬೆಂಗಳೂರು ಎಫ್‌ಸಿ, ನಡುವೆ ಮುಂಬೈ ಸಿಟಿಗೆ ಎರವಲು. ಎರಡು ಕಡೆ ಉತ್ಪ್ರೇಕ್ಷೆ ನುಸುಳಿದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಆಡಿದ ಎಂದು ಬರೆದಿದ್ದಾರೆ. ಆ ಕ್ಲಬ್ಬಿಗೆ ಸೇರಿದ್ದು ಹೌದು, ಲೀಗ್ ಪಂದ್ಯ ಒಂದೂ ಆಡಲಿಲ್ಲ. ಸ್ಪೋರ್ಟಿಂಗ್‌ನಲ್ಲಿ ಆಡಿದ್ದು ಬಿ ತಂಡಕ್ಕೆ, ಎರಡನೇ ದರ್ಜೆಯ ಲೀಗ್‌ನಲ್ಲಿ. ಹಾಗೆಂದು ಬರೆದರೆ ಆತನ ಮರ್ಯಾದೆ ಕಡಿಮೆಯಾಗುವುದಿಲ್ಲ. ಅಲ್ಲಿಂದ ಬಂದು ಬೆಂಗಳೂರಿನಲ್ಲಿ ಏನು ಕಟ್ಟಿದ ಎಂಬುದರ ಬೆಲೆ ಇನ್ನೂ ಚೆನ್ನಾಗಿ ಕಾಣುತ್ತದೆ. 2013–14 ಮತ್ತು 2015–16ರ ಐ-ಲೀಗ್, 2018–19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್), 2022ರ ಡ್ಯುರಾಂಡ್ ಕಪ್ ಎಲ್ಲವೂ ಸರಿಯಾಗಿ ನಮೂದಾಗಿವೆ. 2016ರ ಎಎಫ್‌ಸಿ ಕಪ್ ಸೆಮಿಫೈನಲ್‌ಗೆ ಕೊಟ್ಟ ಜಾಗ ನೋಡಿದರೆ ಈ ಭಾಗ ಬರೆದವರಿಗೆ ಆಟ ಗೊತ್ತು ಅನ್ನಿಸುತ್ತದೆ. ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ವಿರುದ್ಧ 3–1, ಅದರಲ್ಲಿ ಎರಡು ಛೇತ್ರಿಯದು. ಭಾರತದ ಕ್ಲಬ್ ಒಂದು ಆ ಕಪ್ಪಿನ ಫೈನಲ್ ಮುಟ್ಟಿದ್ದು ಅದೇ ಮೊದಲು.

ಐಎಸ್‌ಎಲ್ ವಿಚಾರಕ್ಕೆ ಬಂದರೆ ಅಂಗಡಿಯವರು ಹೆದರಿದಂತಿದೆ. 2015ರಲ್ಲಿ ಮುಂಬೈ ಸಿಟಿ ಪರ ಹೊಡೆದ ಹ್ಯಾಟ್ರಿಕ್, ಆ ಲೀಗ್‌ನಲ್ಲಿ ಭಾರತೀಯನೊಬ್ಬನ ಮೊದಲನೆಯದು, ಇದೆ. 2024ರಲ್ಲಿ ನೈಜೀರಿಯಾದ ಆಟಗಾರ ಓಗ್ಬೆಚೆಯ 63 ಗೋಲುಗಳ ದಾಖಲೆ ದಾಟಿದ್ದೂ ಇದೆ. ಇಲ್ಲದ್ದು ಕೇರಳ ಬ್ಲಾಸ್ಟರ್ಸ್ ಎದುರಿನ ಎರಡು ರಾತ್ರಿಗಳು. 2023ರ ಮಾರ್ಚ್ 3ರ ಪ್ಲೇ-ಆಫ್‌ನಲ್ಲಿ, ಹೆಚ್ಚುವರಿ ಸಮಯದಲ್ಲಿ, ಎದುರಾಳಿಗಳು ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಒದ್ದ ಫ್ರೀ ಕಿಕ್ ಗೋಲಾಯಿತು, ಬ್ಲಾಸ್ಟರ್ಸ್ ಮೈದಾನ ಬಿಟ್ಟಿತು, ಪಂದ್ಯ ಬೆಂಗಳೂರಿಗೆ ಸಂದಿತು. 2024ರ ಡಿಸೆಂಬರ್ 7ರಂದು ಅದೇ ಕಂಠೀರವದಲ್ಲಿ 4–2, ಛೇತ್ರಿಯ ಹ್ಯಾಟ್ರಿಕ್, ವಯಸ್ಸು 40. ಹಳದಿ ಅಂಗಿಯ ಬ್ಲಾಸ್ಟರ್ಸ್ ಅಭಿಮಾನಿಗಳೇ ಹೆಚ್ಚಿರುವ ಜಿಲ್ಲೆಯಲ್ಲಿ ಇವನ್ನು ಬಿಟ್ಟದ್ದು ಅರ್ಥವಾಗುತ್ತದೆ, ಒಪ್ಪಲಾಗುವುದಿಲ್ಲ. ದಿನಾಂಕ, ಪಂದ್ಯ, ಫಲಿತಾಂಶ ಇಷ್ಟೇ ಹಾಕಿ, ವಿಶೇಷಣ ಬೇಡ. ಆಗ ಯಾವ ಕ್ಲಬ್ಬಿನ ಗೋಡೆಯಲ್ಲೂ ತಕರಾರು ಬಾರದು.

ಪ್ರಶಸ್ತಿ ಪಟ್ಟಿಯಲ್ಲಿ ತಿದ್ದಲು ಏನಿಲ್ಲ: ಅರ್ಜುನ 2011, ಪದ್ಮಶ್ರೀ 2019, ಖೇಲ್ ರತ್ನ 2021.

ಇನ್ನು ಅಕ್ಷರದ ಮಾತು. ಗಡಿಯಲ್ಲಿ ಕನ್ನಡ ಮುದ್ರಿಸುವಾಗ ಎಲ್ಲಕ್ಕಿಂತ ಹೆಚ್ಚು ಕೆಡುವುದು ಇದೇ. ಡಿಸೈನ್ ಮಾಡುವವರ ಕೈ ಮಲಯಾಳಕ್ಕೆ ಪಳಗಿರುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಯುನಿಕೋಡ್ ಕನ್ನಡವನ್ನು ಹಳೆಯ ಫೋಟೋಶಾಪಿಗೆ ಅಂಟಿಸಿದರೆ ಒತ್ತಕ್ಷರ ಕಳಚಿ ‘ಛೇತ್‌ರಿ’, ‘ರಾಷ್‌ಟ್‌ರೀಯ’ ಎಂದು ಬೀಳುತ್ತದೆ. ಕನ್ನಡ ಬಾರದವರ ಕಣ್ಣಿಗೆ ಅದು ಕಾಣುವುದಿಲ್ಲ. ಮೊದಲ ಮಾದರಿಯಲ್ಲಿ ‘ಪ್ರಶಸ್ತಿ’, ‘ಪೋರ್ಚುಗಲ್’ ಎರಡೂ ಹೀಗೆ ಒಡೆದಿವೆ. ಪರಿಹಾರ ಕಷ್ಟದ್ದಲ್ಲ. ಫೋಟೋಶಾಪಿನ ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಬೇಕು. ಸ್ವಲ್ಪ ಹಳೆಯ ಆವೃತ್ತಿಯಲ್ಲಿ ಇದರ ಹೆಸರು ‘ಮಿಡ್ಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’. ಆಮೇಲೆ ಹೊಸ ಫೈಲ್ ತೆರೆದು ಅಂಟಿಸಬೇಕು, ಹಳೆಯ ಫೈಲಿನಲ್ಲಿ ಒಡೆದದ್ದು ಒಡೆದೇ ಇರುತ್ತದೆ. ಅದಕ್ಕಿಂತ ಹಳೆಯ ತಂತ್ರಾಂಶವಾದರೆ ಪಠ್ಯವನ್ನು ಕನ್ವರ್ಟರ್‌ನಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಸಂಕೇತ ರೂಪಕ್ಕೆ ಇಳಿಸಿ ನುಡಿ ಫಾಂಟಿನಲ್ಲಿ ಹಾಕುವುದೇ ದಾರಿ.

ಗಾತ್ರವೂ ಸಾಲದು. ಒಳಗಿನ ಪಠ್ಯ 28 ಪಾಯಿಂಟ್ ಇದೆ. ನಾಲ್ಕಡಿ ದೂರದಿಂದ ಓದಬಹುದು, ಬೆಂಚಿನ ಆಚೆ ನಿಂತರೆ ಆಗದು. 36 ಮಾಡಿಸಿ. ಸಾಲುಗಳ ನಡುವಿನ ಅಂತರ ಅಕ್ಷರದ ಒಂದೂವರೆ ಪಟ್ಟು ಬೇಕು. ಇಂಗ್ಲಿಷಿಗೆ ಸಾಲುವ ಅಂತರದಲ್ಲಿ ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಪೂರ್ತಿ ಮುದ್ರಿಸುವ ಮೊದಲು ಎ3 ಹಾಳೆಯಲ್ಲಿ ಒಂದು ಪ್ರತಿ ತೆಗೆಸಿ. ಎ3ಯಲ್ಲಿ ಎಲ್ಲವೂ ಸುಮಾರು ಮೂರನೇ ಒಂದಕ್ಕೆ ಇಳಿಯುವುದರಿಂದ 36 ಪಾಯಿಂಟ್ ಅಲ್ಲಿ 12ರಷ್ಟು ಕಾಣುತ್ತದೆ. ಕನ್ನಡ ಮೇಷ್ಟ್ರು ಒಬ್ಬರು, ಆಟ ಬಲ್ಲವರು ಒಬ್ಬರು ಅದನ್ನು ಕೆಂಪು ಪೆನ್ನಿನಲ್ಲಿ ನೋಡಲಿ. ಎರಡೂ ಕೆಲಸ ಒಬ್ಬರೇ ಮಾಡಿದರೆ ಒಂದು ತಪ್ಪುತ್ತದೆ.

ಮುದ್ರಣಕ್ಕೆ ಪೂರ್ತಿ ಅಂಕ ಕೊಡಬಹುದು. ನೀಲಿ ಗಾಢವಾಗಿ ಬಂದಿದೆ, ಲ್ಯಾಮಿನೇಶನ್‌ನಲ್ಲಿ ಗುಳ್ಳೆ ಇಲ್ಲ, ಮ್ಯಾಟ್ ಆದ್ದರಿಂದ ಟ್ಯೂಬ್‌ಲೈಟ್ ಪ್ರತಿಫಲಿಸುವುದಿಲ್ಲ. ಕೊಡುವಾಗ ಹಿಂಬದಿಗೆ ಡಬಲ್ ಟೇಪ್ ಅಂಟಿಸಿ ಕೊಡುತ್ತಾರೆ. ಅದನ್ನು ನಂಬಬೇಡಿ. ಕೆಂಪುಕಲ್ಲಿನ ಗೋಡೆ ಮಳೆಗಾಲದಲ್ಲಿ ತೇವ ಎಳೆಯುತ್ತದೆ, ಸುಣ್ಣ ಪುಡಿಯಾಗಿ ಟೇಪಿನ ಜೊತೆ ಕಿತ್ತುಬರುತ್ತದೆ. ನಾಲ್ಕು ಮೂಲೆಗೆ ಒಂದೊಂದು, ಮೇಲಿನ ಅಂಚಿನ ನಡುವೆ ಒಂದು, ಒಟ್ಟು ಐದು ಸ್ಕ್ರೂ ಸಾಕು. ಕೆಂಪುಕಲ್ಲು ಮೆದು, ಒಳಗೆ ಪೊಳ್ಳು ಬೇರೆ, ಆದ್ದರಿಂದ ಗಾರೆ ದಾಟಿ ಎರಡು ಇಂಚು ಆಳ ತೂತು ಹೊಡೆದು ಉದ್ದದ ಪ್ಲಗ್ ಹಾಕಿ. ಪ್ಲಗ್ ತಿರುಗಿದರೆ ಸಿಮೆಂಟ್ ಕಲಸಿ ತುಂಬಿ, ಒಣಗಿದ ಮೇಲೆ ಸ್ಕ್ರೂ ಬಿಗಿಯಿರಿ. ಫಲಕ ಮತ್ತು ಗೋಡೆಯ ನಡುವೆ ಅರ್ಧ ಇಂಚಿನ ಸ್ಪೇಸರ್ ಇಟ್ಟರೆ ಗಾಳಿಯಾಡಿ ವಿನೈಲಿನ ಅಂಚು ಏಳುವುದು ತಪ್ಪುತ್ತದೆ. ಸ್ಕ್ರೂ ತಲೆಯ ಕೆಳಗೆ ವಾಷರ್ ಇರಲಿ, ಇಲ್ಲದಿದ್ದರೆ ಸನ್‌ಬೋರ್ಡ್ ತಗ್ಗುತ್ತದೆ. ಪಡುವಣ ಕಿಟಕಿಯ ಎದುರು ಬೇಡ, ಸಂಜೆ ಬಿಸಿಲಿಗೆ ಕೆಂಪು, ಹಳದಿ ಬೇಗ ಮಾಸುತ್ತವೆ.

ಬಟ್ಟೆಯ ಪ್ರತಿ ಟೂರ್ನಮೆಂಟ್ ದಿನಕ್ಕಷ್ಟೇ. ಕೇರಳದಲ್ಲಿ 2019ರಿಂದ ಪಿವಿಸಿ ಫ್ಲೆಕ್ಸ್‌ಗೆ ನಿಷೇಧ ಇರುವುದರಿಂದ ಹೊರಗೆ ಕಟ್ಟಲು ಬಟ್ಟೆ ಆಗುತ್ತದೆ. ಆದರೆ ಬಟ್ಟೆ ಶಾಯಿ ಹೀರಿ ಸಣ್ಣ ಅಕ್ಷರ ಮಸುಕಾಗುತ್ತದೆ. ಅದಕ್ಕೆ ಹೆಸರು, ಚಿತ್ರ, ಐದಾರು ಸಾಲು ಮಾತ್ರ ಹಾಕಿಸಿ.

ಇದೇ ಅಳತೆಯಲ್ಲಿ ತೃಕರಿಪುರದ ಮೊಹಮ್ಮದ್ ರಫಿಯ ಫಲಕವನ್ನೂ ಅಂಗಡಿಯವರು ಮಾಡಬೇಕು. 2016ರ ಐಎಸ್‌ಎಲ್ ಫೈನಲ್‌ನಲ್ಲಿ ಬ್ಲಾಸ್ಟರ್ಸ್ ಪರ ಕೋಲ್ಕತ್ತ ವಿರುದ್ಧ ಹೆಡರ್ ಗೋಲು. ಇದೇ ಜಿಲ್ಲೆಯ ಸ್ಟ್ರೈಕರ್ ಮಾಡಿದ ಈ ಕೆಲಸ ಇಲ್ಲಿನ ಕನ್ನಡ ಶಾಲೆಗಳ ಗೋಡೆಯಲ್ಲಿ ಇಲ್ಲದಿರುವುದು ಸರಿಯಲ್ಲ.

ಆರ್ಡರ್ ಕೊಡುವಾಗ ತಿದ್ದಿದ ಪಠ್ಯವನ್ನು ಒಂದೇ ಸಂದೇಶದಲ್ಲಿ ಕಳಿಸಿ, ಬಿಡಿಬಿಡಿಯಾಗಿ ಕಳಿಸಿದರೆ ಹಳೆಯ ಸಾಲು ಹಾಗೇ ಉಳಿಯುತ್ತದೆ. ತಿದ್ದುಪಡಿಗೆ ಬೇರೆ ಹಣ ಕೇಳುವುದಿಲ್ಲ, ಮುದ್ರಣಕ್ಕೆ ಮೂರು ದಿನ ಹಿಡಿಯುತ್ತಾರೆ. ಹಣ ಕೊಡುವ ಮೊದಲು ಎರಡು ಫೈಲ್ ಕೇಳಿ ಪಡೆಯಿರಿ: ಅಕ್ಷರಗಳನ್ನು ಕರ್ವ್ ಮಾಡಿದ (ಬರೀ ರೇಖಾಕೃತಿಯಾಗಿ ಬದಲಿಸಿದ) ಪಿಡಿಎಫ್ ಒಂದು, ತಿದ್ದಲು ಬರುವ ಮೂಲ ಫೈಲ್ ಇನ್ನೊಂದು. ಕರ್ವ್ ಮಾಡಿದ್ದರಲ್ಲಿ ಮುಂದೆ ಒಂದು ಅಂಕಿಯನ್ನೂ ಬದಲಿಸಲಾಗದು. ಮೂಲ ಫೈಲ್ ಇದ್ದರೆ ಹೊಸ ಗೋಲು ಬಂದಾಗ ಆ ಚೌಕವನ್ನಷ್ಟೇ ವಿನೈಲ್ ತುಂಡಿನಲ್ಲಿ ಮುದ್ರಿಸಿ ಮೇಲೆ ಅಂಟಿಸಬಹುದು.