ಹಾವಿನ ಹೀಟ್ ಮ್ಯಾಟ್‌ಗೆ "ಥರ್ಮೋಸ್ಟಾಟ್ ಬೇಡ" ಅಂದ್ರೆ ನಂಬಬೇಡಿ

ಮೂರು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ನಾವಿರುವುದು ಮಿಷಿಗನ್‌ನಲ್ಲಿ. ಮಗಳು ಹಟ ಹಿಡಿದು ತಂದ ಬಾಲ್ ಪೈಥಾನ್ ಈ ಚಳಿಯಲ್ಲಿ ಬದುಕಬೇಕಲ್ವಾ? ಅಂಗಡಿಗೆ ಹೋದೆ. ಅಂಗಡಿಯವನು ಗಾಜಿನ ಟ್ಯಾಂಕಿನ ಅಡಿಗೆ ಅಂಟಿಸುವ ಹೀಟ್ ಮ್ಯಾಟ್ ಕೊಟ್ಟ. "ಬಿಸಿ ಮಿತಿ ಮೀರದಂತೆ ನೋಡಿಕೊಳ್ಳೋ ಥರ್ಮೋಸ್ಟಾಟ್ ಬೇಡ್ವಾ?" ಅಂತ ನಾನೇ ಕೇಳಿದೆ. ನಾನೇ ಕೇಳಿದ್ದೆ, ನೆನಪಿರಲಿ. "ಇದು ಜಾಸ್ತಿ ಬಿಸಿಯಾಗೋದೇ ಇಲ್ಲ ಸರ್, ಸುಮ್ನೆ ಯಾಕೆ 40 ಡಾಲರ್ ದಂಡ?" ಅಂದ. ಒಳ್ಳೆಯವನು, ನನ್ನ ದುಡ್ಡು ಉಳಿಸಿದ ಅಂದುಕೊಂಡು ಥ್ಯಾಂಕ್ಸ್ ಬೇರೆ ಹೇಳಿ ಬಂದೆ!

ಟ್ಯಾಂಕಿನ ಗೋಡೆಗೆ ಅಂಟಿಸಿದ ಮುಳ್ಳಿನ ಥರ್ಮಾಮೀಟರ್ 84 ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಅದು ಗಾಳಿಯ ಬಿಸಿ, ಹಾವು ಮಲಗುವ ನೆಲದ್ದಲ್ಲ. ನನಗೆ ಹೊಳೆಯಲೇ ಇಲ್ಲ. ಇಂಜಿನಿಯರ್ ಬೇರೆ ನಾನು.

ಹನ್ನೊಂದನೇ ದಿನ ಮಗಳು ಹಾವನ್ನು ಎತ್ತಿ ಕಿರುಚಿದಳು. ಹೊಟ್ಟೆಯ ಬಿಳಿ ಪಟ್ಟಿಗಳು ಕಂದು ತಿರುಗಿದ್ದವು, ಎರಡು ಕಡೆ ಬೊಬ್ಬೆ. ಹಾವು ಅಡಿಯಿಂದ ಸುಡುತ್ತಿದ್ದರೂ ಜಾಗ ಬಿಟ್ಟು ಏಳದೇ ಇರಬಹುದಂತೆ, ಡಾಕ್ಟರ್ ಹೇಳಿದರು. ಇನ್‌ಫ್ರಾರೆಡ್ ಗನ್ ತಂದು ಅಳೆದೆ. ಗಾಜು 121! ಸೆಲ್ಸಿಯಸ್‌ನಲ್ಲಿ 49. ಇರಬೇಕಾದದ್ದು 90ರ ಆಸುಪಾಸು, ಅಂದರೆ 32.

ಮತ್ತೆ ಅಂಗಡಿಗೆ ಹೋದೆ.

"ಮೇಲೆ ಹೊಟ್ಟು ದಪ್ಪ ಹಾಕಿದ್ರಾ?"
ಹಾಕಿದ್ದೆ. ಹಾವು ತೋಡಿಕೊಂಡು ಅಡಿಗೆ ಹೋಗುತ್ತದೆ, ಅದು ಇವನಿಗೆ ಗೊತ್ತಿಲ್ವಾ?
"ಡಬ್ಬಿ ಮೇಲೆ ಬರೆದಿದೆಯಲ್ಲ ಸರ್."
ಹೌದು, ಬರೆದಿದೆ. ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ, ಥರ್ಮೋಸ್ಟಾಟ್ ಜೊತೆಗೇ ಬಳಸಿ ಅಂತ.
"ನೀವೇ ಬೇಡ ಅಂದ್ರಲ್ಲ?"
"ಹಾಗೆ ಹೇಳಿರಲಿಕ್ಕಿಲ್ಲ."

ಆಮೇಲೆ ಅವನು ಹೇಳಿದ್ದು ಕೇಳಿ. ಅಂಟಿಸಿದ ಮ್ಯಾಟ್ ವಾಪಸ್ ತಗೊಳ್ಳಲ್ಲವಂತೆ, ಬೇಕಾದರೆ ಥರ್ಮೋಸ್ಟಾಟ್ ಮೇಲೆ ಹತ್ತು ಪರ್ಸೆಂಟ್ ಬಿಡ್ತಾನಂತೆ! ಯಾವುದು ಬೇಡ ಅಂದಿದ್ದನೋ ಅದರ ಮೇಲೇ! ಕೌಂಟರ್ ಮುಂದೆ ಪೆದ್ದನ ಹಾಗೆ ನಿಂತಿದ್ದೆ.

ಊರಿಗೆ ಫೋನ್ ಮಾಡಿದರೆ ಅಮ್ಮ, "ಹಾವಿಗೆ ಹಾಲೆರೆಯೋದು ನೋಡಿದ್ದೆ ಕಣೋ, ಒಲೆ ಹಚ್ಚೋದು ನೋಡಿರಲಿಲ್ಲ" ಅಂತ ನಗುತ್ತಾರೆ.

ಮ್ಯಾಟ್ ಆಗಲಿ, ಸೆರಾಮಿಕ್ ಬಲ್ಬ್ ಆಗಲಿ, ಮೊದಲು ಥರ್ಮೋಸ್ಟಾಟ್ ಕೊಳ್ಳಿ. ಮ್ಯಾಟ್ ಆದರೆ ಥರ್ಮೋಸ್ಟಾಟಿನ ಪ್ರೋಬ್, ಅಂದರೆ ಬಿಸಿ ಅಳೆಯುವ ತುದಿ, ಮ್ಯಾಟಿಗೆ ತಾಗಿರಲಿ. ಬಲ್ಬಿಗೆ ಜಾಲರಿ ಹಾಕಿ, ಇಲ್ಲದಿದ್ದರೆ ಹಾವು ಸುತ್ತಿಕೊಳ್ಳುತ್ತದೆ. ಬಿಸಿಯಾಗುವ ಕಲ್ಲು ಅಂತ ಮಾರುತ್ತಾರಲ್ಲ, ಅದರ ಹತ್ತಿರವೂ ಹೋಗಬೇಡಿ. ಅಂಗಡಿಯವನ ಬಾಯಿಮಾತಂತೂ ಬೇಡವೇ ಬೇಡ.

ಥರ್ಮೋಸ್ಟಾಟ್ ಬೇರೆ ಕಡೆ ಕೊಂಡೆ. ಡಿಸ್ಕೌಂಟ್ ಸಿಗಲಿಲ್ಲ. ಪರವಾಗಿಲ್ಲ.