ಮಾತ್ರೆ, ಸಿರಪ್ಪು, ಎರಡು ಇಟ್ಟಿಗೆ

ನನ್ನ ಕೆಲಸ ಮಾತಾಡುವುದು. ದಾವಣಗೆರೆ ಸುತ್ತಮುತ್ತ ರಿಸೆಪ್ಷನ್ನು, ಗಣೇಶೋತ್ಸವ, ರಾಜ್ಯೋತ್ಸವ ಎಲ್ಲಿಗೆ ಕರೆದರೂ ಹೋಗಿ ಮೈಕ್ ಹಿಡಿಯುತ್ತೇನೆ. ಕರಪತ್ರದಲ್ಲಿ 'ನಿರೂಪಣೆ' ಅಂತ ಕೊನೆಯ ಸಾಲಿನಲ್ಲಿ ಹೆಸರು ಬರುತ್ತದಲ್ಲ, ಆ ಜಾತಿ. ಮೂರು ವರ್ಷದ ಹಿಂದೆ ನವೆಂಬರ್ ಮುಗಿಯುವ ಹೊತ್ತಿಗೆ ಗಂಟಲಲ್ಲಿ ಅನ್ನದ ಅಗುಳು ಅಂಟಿಕೊಂಡ ಹಾಗೆ ಅನ್ನಿಸತೊಡಗಿತು. ನೀರು ಕುಡಿದರೆ ಇಳಿಯದು, ಕ್ಯಾಕರಿಸಿದರೆ ಬಾರದು. ಬೆಳಗ್ಗೆ ಎದ್ದರೆ ದನಿ ಸೀಳಿದ ಬಿದಿರಿನ ಹಾಗಿರುತ್ತಿತ್ತು. ವೇದಿಕೆ ಮೇಲೆ ಎರಡು ವಾಕ್ಯಕ್ಕೊಮ್ಮೆ 'ಹ್ಹೆಂ' ಅನ್ನುತ್ತಿದ್ದೆ. ಸೌಂಡ್ ಸಿಸ್ಟಮ್ ಹುಡುಗ ನನ್ನ ಮುಖ ನೋಡಿಯೇ, ಹ್ಹೆಂ ಬರುವ ಮೊದಲೇ ವಾಲ್ಯೂಮ್ ಇಳಿಸುವುದನ್ನು ಕಲಿತುಬಿಟ್ಟಿದ್ದ.

ಮೊದಲ ಆರು ತಿಂಗಳು ಸುಮ್ನೆ ಹೋಯಿತು. ಅಲರ್ಜಿ ಮಾತ್ರೆ, ಒಂದು ಕೋರ್ಸ್ ಆಂಟಿಬಯಾಟಿಕ್, ಹಬೆ. ಜೊತೆಗೆ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆ, ಜೇನುತುಪ್ಪ. ಆ ನಿಂಬೆಹಣ್ಣಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೊನೆಗೆ ಇಎನ್‌ಟಿ ಡಾಕ್ಟರೊಬ್ಬರು ಮೂಗಿನಿಂದ ತೆಳ್ಳನೆ ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿಪೆಟ್ಟಿಗೆಯ ಹಿಂಭಾಗ ಕೆಂಪಾಗಿ ಊದಿಕೊಂಡಿದೆ, ಗಡ್ಡೆ ಏನೂ ಇಲ್ಲ ಅಂದರು. ಕೆಂಪಾಗಲು ಬೇರೆ ಕಾರಣಗಳೂ ಇರುತ್ತವೆ, ಆದರೆ ನಿಮ್ಮ ಲಕ್ಷಣ ನೋಡಿದರೆ ರಿಫ್ಲಕ್ಸ್, ಅಂದರೆ ಹೊಟ್ಟೆಯಲ್ಲಿರುವುದು ಮೇಲಕ್ಕೆ ಬರುವುದು, ಇರಬೇಕು ಅಂದರು. 'ನಂಗೆ ಎದೆಯುರಿ, ಹುಳಿತೇಗು ಅಷ್ಟಾಗಿ ಇಲ್ವಲ್ಲ' ಅಂದೆ. 'ಅದಕ್ಕೇ ಸೈಲೆಂಟ್ ರಿಫ್ಲಕ್ಸ್ ಅನ್ನೋದು' ಅಂದರು. ಚೀಟಿಯಲ್ಲಿ ಎಲ್‌ಪಿಆರ್ ಅಂತ ಬರೆದರು. ಲ್ಯಾರಿಂಗೋಫ್ಯಾರಿಂಜಿಯಲ್ ರಿಫ್ಲಕ್ಸ್, ಅಂದರೆ ಗಂಟಲವರೆಗೆ ಬರುವ ರಿಫ್ಲಕ್ಸ್.

ನನಗೆ ಅರ್ಥವಾದದ್ದು ಇಷ್ಟು. ಹೊಟ್ಟೆಯಲ್ಲಿರುವುದು ಬರೀ ಆಸಿಡ್ ಅಲ್ಲ. ಪ್ರೋಟೀನ್ ಜೀರ್ಣ ಮಾಡುವ ಪೆಪ್ಸಿನ್ ಎಂಬ ಕಿಣ್ವವೂ ಇದೆ. ಇವೆರಡೂ ಅನ್ನನಾಳ ದಾಟಿ, ಸಣ್ಣ ಮಂಜಿನ ಹಾಗೆ ಗಂಟಲವರೆಗೆ ಬರಬಹುದು. ಆಸಿಡ್ ತಡೆದುಕೊಳ್ಳಲು ಹೊಟ್ಟೆಗೆ ದಪ್ಪ ಲೋಳೆಯ ಪದರ ಇದೆ. ಗಂಟಲಿಗೆ ಆ ಪುಣ್ಯ ಇಲ್ಲ. ಅದಕ್ಕೇ ಎದೆ ಉರಿಯದಷ್ಟು ಸ್ವಲ್ಪ ಬಂದರೂ ಗಂಟಲು ಕೆಡುತ್ತದೆ. ಇನ್ನೊಂದು ಕಿತಾಪತಿ ಇದೆ. ಮೇಲೆ ಬಂದ ಪೆಪ್ಸಿನ್ ಅಲ್ಲೇ ಅಂಟಿಕೊಂಡು ಸುಮ್ಮನೆ ಕೂತಿರುತ್ತದೆ. ಹುಳಿ ತಗುಲಿದರೆ ಮತ್ತೆ ಎಚ್ಚರಾಗುತ್ತದೆ. ಆ ಹುಳಿ ಕೆಳಗಿನಿಂದಲೇ ಬರಬೇಕೆಂದಿಲ್ಲ, ಬಾಯಿಂದ ಹೋದರೂ ಸಾಕು. ಅಂದರೆ ಆರು ತಿಂಗಳು ನಾನು ನಿಂಬೆಹಣ್ಣು ಹಿಂಡಿದ್ದು ಗಾಯಕ್ಕೇ ಅನ್ನಿ.

ಒಂದೊಂದೇ ಮದ್ದನ್ನು ಪರೀಕ್ಷೆ ಮಾಡೋಣ ಅಂತ ನಿರ್ಧರಿಸಿದ್ದು ಆಷಾಢದಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ನನಗೆ ಕೆಲಸವೂ ಇಲ್ಲ. ಅಳತೆಗೆ ಡಾಕ್ಟರು ಕೊಟ್ಟ ಒಂದು ಪ್ರಶ್ನೆಪಟ್ಟಿ ಇತ್ತು. ರಿಫ್ಲಕ್ಸ್ ಸಿಂಪ್ಟಮ್ ಇಂಡೆಕ್ಸ್ ಅಂತ ಹೆಸರು, 2002ರಲ್ಲಿ ಬಂದದ್ದು. ದನಿ ಒಡೆಯುವುದು, ಕ್ಯಾಕರಿಸುವುದು, ಕಫ, ಕೆಮ್ಮು, ಏನೋ ಸಿಕ್ಕಿಕೊಂಡ ಹಾಗಾಗುವುದು ಇತ್ಯಾದಿ ಒಟ್ಟು 9 ಪ್ರಶ್ನೆ. ಒಂದೊಂದಕ್ಕೆ 0ಯಿಂದ 5 ಅಂಕ, ಒಟ್ಟು 45. ಮೊತ್ತ 13 ದಾಟಿದರೆ ರಿಫ್ಲಕ್ಸ್ ಅನುಮಾನ. ಪ್ರತಿ ಭಾನುವಾರ ಡೈರಿಯಲ್ಲಿ ಬರೆದೆ. ಶುರುವಿನಲ್ಲಿ ನನ್ನದು 26.

ಮಾತ್ರೆ

ಪ್ಯಾಂಟೊಪ್ರಜೋಲ್ 40 ಎಂಜಿ, ಬೆಳಗ್ಗೆ ಒಂದು. ನಮ್ಮೂರಲ್ಲಿ ಇದನ್ನು 'ಗ್ಯಾಸ್ ಮಾತ್ರೆ' ಅಂತ ಕಡಲೆಪುರಿ ಥರ ತಿನ್ನುತ್ತಾರೆ. ಮೊದಲ ಎರಡು ವಾರ ನಾನು ತಿಂಡಿ ತಿಂದಮೇಲೆ ನುಂಗಿ ಹಾಳು ಮಾಡಿಕೊಂಡೆ. ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ನುಂಗಬೇಕು. ಊಟ ಬಂತು ಅಂದಾಗ ಹೊಟ್ಟೆಯ ಆಸಿಡ್ ಪಂಪುಗಳು ಚಾಲೂ ಆಗುತ್ತವೆ. ಆ ಹೊತ್ತಿಗೆ ಮಾತ್ರೆ ರಕ್ತದಲ್ಲಿದ್ದರೆ ಅವನ್ನು ಬಂದ್ ಮಾಡುತ್ತದೆ. ಚಾಲೂ ಆಗದ ಪಂಪಿನ ಮೇಲೆ ಅದರ ಆಟ ನಡೆಯುವುದಿಲ್ಲ.

ಸರಿಯಾಗಿ 8 ವಾರ ತಗೊಂಡೆ. 26 ಇದ್ದದ್ದು 21 ಆಯಿತು. ಡಾಕ್ಟರು ಇನ್ನೂ 8 ವಾರ ದಿನಕ್ಕೆ ಎರಡು ಮಾಡಿದರು. 20ಕ್ಕೆ ನಿಂತಿತು. ಅಪರೂಪಕ್ಕೆ ಬರುತ್ತಿದ್ದ ಹುಳಿತೇಗು ಪೂರಾ ಹೋಯಿತು, ಅದು ನಿಜ. ಅಗುಳು ಮಾತ್ರ ಅಲ್ಲೇ ಇತ್ತು.

ನನ್ನದೇ ಹಣೆಬರಹ ಅಂದುಕೊಂಡಿದ್ದೆ. ಆಮೇಲೆ 2021ರ ಒಂದು ಬ್ರಿಟಿಷ್ ಪ್ರಯೋಗದ ಬಗ್ಗೆ ಓದಿದೆ. ಬಹಳ ದಿನದಿಂದ ಗಂಟಲ ತೊಂದರೆ ಇದ್ದ 346 ಜನರಲ್ಲಿ ಅರ್ಧದಷ್ಟು ಮಂದಿಗೆ ಇದೇ ಜಾತಿಯ ಲ್ಯಾನ್ಸೊಪ್ರಜೋಲ್, ಉಳಿದವರಿಗೆ ಔಷಧಿಯೇ ಇಲ್ಲದ ಡಮ್ಮಿ. ದಿನಕ್ಕೆರಡು, 16 ವಾರ. ಎರಡೂ ಗುಂಪಿಗೆ ಸ್ವಲ್ಪ ಸ್ವಲ್ಪ ಗುಣವಾಯಿತು, ವ್ಯತ್ಯಾಸ ಮಾತ್ರ ಕಾಣಲಿಲ್ಲ. ನನ್ನ ಆ ಐದಾರು ಅಂಕವೂ ಹಾಗೇ ಬಂದದ್ದೋ ಏನೋ. ಯೋಚಿಸಿದರೆ ಆಶ್ಚರ್ಯವೂ ಇಲ್ಲ. ಮಾತ್ರೆ ಆಸಿಡ್ ಕಮ್ಮಿ ಮಾಡುತ್ತದೆ, ಮೇಲೆ ಬರುವುದನ್ನು ತಡೆಯುವುದಿಲ್ಲ. ನಲ್ಲಿಯಲ್ಲಿ ಖಾರದ ನೀರಿನ ಬದಲು ಸಪ್ಪೆ ನೀರು ಬಂದ ಹಾಗೆ. ನಲ್ಲಿ ಸೋರುತ್ತಲೇ ಇರುತ್ತದೆ.

ಹಾಗಂತ ಮಾತ್ರೆಯನ್ನು ಬೈಯುತ್ತಿಲ್ಲ. ಎದೆಯುರಿ ಇರುವವರಿಗೆ, ಅಲ್ಸರ್ ಇರುವವರಿಗೆ, ಡಾಕ್ಟರು ಹೊಟ್ಟೆ ಕಾಪಾಡಲು ಅಂತ ಕೊಟ್ಟವರಿಗೆ ಅದು ಬೇಕೇ ಬೇಕು. ನನ್ನ ಲೇಖನ ಓದಿ ಯಾರೂ ನಿಲ್ಲಿಸಬೇಡಿ. ನಿಲ್ಲಿಸುವುದೂ ಸಲೀಸಲ್ಲ. ಡಾಕ್ಟರು ನಿಧಾನಕ್ಕೆ ಇಳಿಸಿ ಅಂದಿದ್ದರು. ನಾನು ನವೆಂಬರ್ ಸೀಸನ್ನಿನ ನಡುವೆ, ಎರಡು ಕಾರ್ಯಕ್ರಮದ ಗಡಿಬಿಡಿಯಲ್ಲಿ, ಒಂದೇ ಸಲ ಬಿಟ್ಟೆ. ಅದುಮಿಟ್ಟಿದ್ದ ಆಸಿಡ್ ಬಡ್ಡಿ ಸಮೇತ ಬಂತು. ಜೀವನದಲ್ಲಿ ಮೊದಲ ಸಲ ಎದೆಯುರಿ ಅಂದರೇನು ಅಂತ ಗೊತ್ತಾಯಿತು. ಮತ್ತೆ ಶುರು ಮಾಡಿ, ದಿನ ಬಿಟ್ಟು ದಿನ ಮಾಡಿ, ಆಮೇಲೆ ಬಿಟ್ಟೆ. ಸ್ಕೋರ್ 21ಕ್ಕೆ ಬಂದು ಕೂತಿತು.

ಸಿರಪ್ಪು

ಜನವರಿಯಲ್ಲಿ ಆಲ್ಜಿನೇಟ್. ಇಲ್ಲೂ ಒಂದು ಎಡವಟ್ಟಾಯಿತು. ಮೆಡಿಕಲ್ ಶಾಪಿನಲ್ಲಿ 'ಆಸಿಡಿಟಿ ಸಿರಪ್' ಅಂದೆ, ಗುಲಾಬಿ ಬಣ್ಣದ್ದು ಕೊಟ್ಟರು. ಎರಡು ವಾರ ಕುಡಿದಮೇಲೆ ಲೇಬಲ್ ಓದಿದರೆ ಅದು ಮಾಮೂಲಿ ಆಂಟಾಸಿಡ್. ಅದು ಹೊಟ್ಟೆಯಲ್ಲಿರುವ ಆಸಿಡ್ಡನ್ನು ಸ್ವಲ್ಪ ಹೊತ್ತು ಸಪ್ಪೆ ಮಾಡುತ್ತದೆ, ಅಷ್ಟೇ. ನನಗೆ ಬೇಕಾಗಿದ್ದು ಸೋಡಿಯಂ ಆಲ್ಜಿನೇಟ್ ಅಂತ ಬರೆದಿರುವುದು. ಗ್ಯಾವಿಸ್ಕಾನ್ ಗೊತ್ತಿರುವ ಹೆಸರು, ಬೇರೆ ಕಂಪನಿಗಳದ್ದೂ ಸಿಗುತ್ತವೆ. ಕಂದು ಬಣ್ಣದ ಕಡಲಕಳೆಯಿಂದ ತೆಗೆದದ್ದು ಇದು. ಹೊಟ್ಟೆಗೆ ಹೋದ ಕೂಡಲೇ ಆಸಿಡ್ ತಗುಲಿ ಲೋಳೆಯಾಗುತ್ತದೆ. ಜೊತೆಗಿರುವ ಬೈಕಾರ್ಬೊನೇಟ್‌ನಿಂದ ಗುಳ್ಳೆ ಎದ್ದು, ಊಟದ ಮೇಲೆ ತೆಪ್ಪದ ಹಾಗೆ ತೇಲುತ್ತದೆ. ಹಾಲಿನ ಮೇಲಿನ ಕೆನೆ ಅಂದುಕೊಳ್ಳಿ. ಮೇಲೆ ಉಕ್ಕಿದರೂ ಮೊದಲು ಕೆನೆ ಬರಬೇಕು.

ಊಟದ ನಂತರ 10 ಎಂಎಲ್, ಮಲಗುವಾಗ 10 ಎಂಎಲ್. ಅದರ ಮೇಲೆ ನೀರು, ಕಾಫಿ ಏನೂ ಕುಡಿಯಬಾರದು. ಕುಡಿದರೆ ತೆಪ್ಪ ಒಡೆಯುತ್ತದೆ. ರುಚಿ ಹೇಗಿದೆ ಅಂದರೆ, ಸುಣ್ಣದ ನೀರಿಗೆ ಸೋಂಪು ಹಾಕಿ ಕದಡಿದ ಹಾಗೆ. ಒಂದು ವಾರದಲ್ಲಿ ಅಭ್ಯಾಸವಾಯಿತು.

ಮೂರನೇ ವಾರದ ಒಂದು ದಿನ ಸೌಂಡ್ ಹುಡುಗ ಬಂದು 'ಅಣ್ಣ, ಇವತ್ತು ನೀವು ಕೆಮ್ಮಲೇ ಇಲ್ಲ' ಅಂದ. ನನಗೇ ಗೊತ್ತಾಗಿರಲಿಲ್ಲ. ಆರು ವಾರಕ್ಕೆ ಸ್ಕೋರ್ 14. ಹದಿನಾರು ವಾರದ ಮಾತ್ರೆ ಮಾಡದ್ದನ್ನು ಇದು ಆರು ವಾರದಲ್ಲಿ ಮಾಡಿತು, ನನ್ನ ಮಟ್ಟಿಗೆ.

ಆದರೆ ಜೇಬಿನ ಮಾತು ಬಂದರೆ ಮಾತ್ರೆಯೇ ಗೆಲ್ಲುತ್ತದೆ. ಜನೌಷಧಿಯಲ್ಲಿ ಮಾತ್ರೆ ತೀರಾ ಅಗ್ಗ. ಸಿರಪ್ಪನ್ನು ಮೂರು ಊಟ ಮತ್ತು ಮಲಗುವಾಗ ಅಂತ ಲೆಕ್ಕ ಹಾಕಿ, ದಿನಕ್ಕೆ 40 ಎಂಎಲ್. 200 ಎಂಎಲ್ ಬಾಟಲಿ ಐದೇ ದಿನ. ತಿಂಗಳಿಗೆ ಆರು ಬಾಟಲಿ! ಇದರಲ್ಲಿ ಸೋಡಿಯಂ ಇರುತ್ತದೆ. ಹಾಗಾಗಿ ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರು ಕೇಳಿಯೇ ತಗೊಳ್ಳಬೇಕು.

ಮಾತ್ರೆಯೂ ಅಲ್ಲದ, ಸಿರಪ್ಪೂ ಅಲ್ಲದ

ಬೇಗ ಊಟ. ಓದಲು ಎರಡೇ ಪದ, ಮಾಡಲು ನನ್ನ ಪ್ರಾಣ ಹೋಯಿತು. ಕಾರ್ಯಕ್ರಮ ಮುಗಿಯುವುದು ಹತ್ತೂವರೆಗೆ. ಆಮೇಲೆ ಛತ್ರದ ಊಟ, ಹನ್ನೊಂದೂವರೆಗೆ ಮನೆ, ಹನ್ನೆರಡಕ್ಕೆ ಹಾಸಿಗೆ. ಹದಿನೈದು ವರ್ಷ ಹೀಗೇ ಬದುಕಿದ್ದೇನೆ. ಹೊಟ್ಟೆ ತುಂಬಾ ಊಟ ಇಟ್ಟುಕೊಂಡು ಅಡ್ಡ ಮಲಗಿದರೆ ಮುಚ್ಚಳ ಸಡಿಲವಿರುವ ಬಾಟಲಿ ಮಲಗಿಸಿದ ಹಾಗೆ, ಅಲ್ವಾ? ಮಲಗುವ ಮೂರು ಗಂಟೆ ಮೊದಲು ಊಟ ಮುಗಿಸಿ ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದರು. ನಾನು ಚೀಟಿಯಲ್ಲಿ ಬರೆದದ್ದನ್ನು ಮಾತ್ರ ಔಷಧಿ ಅಂದುಕೊಂಡಿದ್ದೆ.

ಈಗ ಸಂಜೆ ಆರೂವರೆಗೆ ಡಬ್ಬಿ ತೆಗೆಯುತ್ತೇನೆ. ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ. ರಾತ್ರಿ ಛತ್ರದಲ್ಲಿ ಹುಡುಗಿ ಅಪ್ಪ ಕೈ ಹಿಡಿದು ಎಳೆದರೂ ಒಂದು ಬಾಳೆಹಣ್ಣು ತಗೊಂಡು ಕೈ ಮುಗಿಯುತ್ತೇನೆ. ಕೆಲವರಿಗೆ ಬೇಜಾರೂ ಆಗಿದೆ.

ಇಟ್ಟಿಗೆ ಇದರ ಜೊತೆಗೇ ಶುರುವಾದದ್ದು. ಮೊದಲು ಎರಡು ದಿಂಬು ಹಾಕಿದ್ದೆ. ಕತ್ತು ಬಗ್ಗಿತು, ಹೊಟ್ಟೆ ಮಡಿಚಿಕೊಂಡು ಒತ್ತಡ ಜಾಸ್ತಿ ಆಯಿತು. ಮಂಚವನ್ನೇ ತಲೆಯ ಕಡೆ 15–20 ಸೆಂಟಿಮೀಟರ್ ಎತ್ತಬೇಕು. ಮನೆ ಹಿಂದೆ ಬಿದ್ದಿದ್ದ ಇಟ್ಟಿಗೆ ತಂದು ಒಂದೊಂದು ಕಾಲಿನ ಕೆಳಗೆ ಎರಡೆರಡು ಇಟ್ಟೆ, ಸರಿಯಾಗಿ ಹದಿನೈದು ಬಂತು. ಖರ್ಚು ಸೊನ್ನೆ. ಹೆಂಡತಿ ಮೊದಲ ವಾರ ಬೆಳಗಾಗುವಷ್ಟರಲ್ಲಿ ಕಾಲಕಡೆಗೆ ಜಾರಿ ಬಂದಿರುತ್ತಿದ್ದಳು. ಜೊತೆಗೆ ಎಡಮಗ್ಗುಲು. ಹೊಟ್ಟೆಯ ಆಕಾರ ಹೇಗಿದೆ ಅಂದರೆ, ಎಡಕ್ಕೆ ಮಲಗಿದಾಗ ಅನ್ನನಾಳದ ಬಾಯಿ ಆಸಿಡ್ಡಿಗಿಂತ ಮೇಲಿರುತ್ತದೆ, ಬಲಕ್ಕೆ ಮಲಗಿದರೆ ಮುಳುಗುತ್ತದೆ.

ಇಟ್ಟಿಗೆಯಿಂದ ಸರಿಯಾದದ್ದು ಬೆಳಗಿನ ಒಡಕು ದನಿ. ಹಗಲಿನ ಕ್ಯಾಕರಿಕೆಗೆ ಅದು ಏನೂ ಮಾಡಲಿಲ್ಲ. ಸೈಲೆಂಟ್ ರಿಫ್ಲಕ್ಸ್ ಎಷ್ಟೋ ಸಲ ನಿಂತಿರುವಾಗಲೇ, ಹಗಲಲ್ಲೇ ಆಗುತ್ತದೆ. ಅದಕ್ಕೆ ಬೇಗ ಊಟ, ಸಣ್ಣ ಊಟ, ಸಡಿಲ ಬಟ್ಟೆ. ಬಿಗಿ ಬೆಲ್ಟು, ಕೋಟು ಬಿಟ್ಟು ಪಂಚೆ ಉಟ್ಟು ವೇದಿಕೆ ಹತ್ತಲು ಶುರು ಮಾಡಿದೆ. ಸಂಸ್ಕೃತಿ ಪ್ರೀತಿ ಅಂತ ಜನ ಹೊಗಳಿದರು. ನಾನೂ ತಿದ್ದಲಿಲ್ಲ.

ಸಿರಪ್ಪನ್ನು ಒಂದು ತಿಂಗಳು ಪೂರಾ ನಿಲ್ಲಿಸಿ, ಬರೀ ಬೇಗ ಊಟ ಮತ್ತು ಇಟ್ಟಿಗೆಯಲ್ಲೇ ಇದ್ದು ನೋಡಿದೆ. 16. ಮಲಗುವಾಗ ಮಾತ್ರ 10 ಎಂಎಲ್ ಸೇರಿಸಿದೆ. 9. ನಾಲ್ಕು ಹೊತ್ತಿನ ಸಿರಪ್ಪಿಗಿಂತ ಒಂದು ಹೊತ್ತಿನ ಸಿರಪ್ಪು ಮತ್ತು ಎರಡು ಇಟ್ಟಿಗೆ ಮೇಲಾಯಿತು.

ಉಳಿದ ಚಿಲ್ಲರೆ

ಯಷ್ಟಿಮಧು ಕಡ್ಡಿ ಚಪ್ಪರಿಸಿದಾಗ ಗಂಟಲಿಗೆ ಹಿತ, ಅನುಮಾನವೇ ಇಲ್ಲ. ಆದರೆ ದಿನಾ ಜಾಸ್ತಿ ತಗೊಂಡರೆ ಬಿಪಿ ಏರಿಸುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ. ನಮ್ಮ ಮನೆಯಲ್ಲಿ ಬಿಪಿ ವಂಶದ ಆಸ್ತಿ, ಹಾಗಾಗಿ ಬಿಟ್ಟೆ. ಜೀರಿಗೆ ಕಷಾಯ ಕುಡಿಯಲು ಚೆನ್ನ, ಸ್ಕೋರಿಗೆ ಏನೂ ಆಗಲಿಲ್ಲ. ಕ್ಷಾರೀಯ ನೀರಿನ ಬಾಟಲಿ ಮೂರು ವಾರ ತಂದೆ. ಪಿಎಚ್ 8.8ರ ನೀರು ಪೆಪ್ಸಿನ್ನನ್ನು ನಿಷ್ಕ್ರಿಯ ಮಾಡುತ್ತದೆ ಅಂತ 2012ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಿದ್ದಾರೆ. ಅದು ಲ್ಯಾಬಿನ ಮಾತು, ನನ್ನ ಗಂಟಲಲ್ಲಿ ಮಾತ್ರ ಒಂದು ಅಂಕವೂ ಅಲುಗಲಿಲ್ಲ.

ನಿಜವಾಗಿ ಕೆಡುಕು ಮಾಡಿದ್ದು ನಾವು ವೇದಿಕೆಯವರೆಲ್ಲ ಜೇಬಲ್ಲಿಟ್ಟುಕೊಳ್ಳುವ ಪುದೀನ ಗೋಲಿ. ಬಾಯಿ ತಂಪಾಗುತ್ತದೆ. ಪೆಪ್ಪರ್‌ಮಿಂಟ್ ಹೊಟ್ಟೆಯ ಮೇಲಿನ ಮುಚ್ಚಳವನ್ನು ಸಡಿಲ ಮಾಡುತ್ತದೆ. ದಿನಕ್ಕೆ ಎಂಟು ಹತ್ತು ಗೋಲಿ ಚಪ್ಪರಿಸುತ್ತಿದ್ದೆ. ಇನ್ನೊಂದು ಆ 'ಹ್ಹೆಂ' ತಾನೇ. ಕ್ಯಾಕರಿಸಿದಷ್ಟೂ ಧ್ವನಿತಂತುಗಳು ಒಂದಕ್ಕೊಂದು ಬಡಿದು ಇನ್ನೂ ಊದುತ್ತವೆ, ಊದಿದಷ್ಟೂ ಕ್ಯಾಕರಿಸಬೇಕು ಅನ್ನಿಸುತ್ತದೆ. ಈಗ ಹಾಗನ್ನಿಸಿದಾಗ ಒಂದು ಗುಟುಕು ನೀರು ನುಂಗುತ್ತೇನೆ.

ಮಂಡಕ್ಕಿ ಮಿರ್ಚಿ ಬಿಟ್ಟೆಯಾ ಅಂತ ಕೇಳಬೇಡಿ. ಸಂಜೆ ಐದರೊಳಗೆ, ತಿಂಗಳಿಗೆ ಎರಡು ಸಲ. ಬೆಣ್ಣೆ ದೋಸೆ ಬೆಳಗ್ಗೆ ಮಾತ್ರ. ಕಾಫಿ ಎರಡರಿಂದ ಒಂದಾಗಿದೆ, ಅದೂ ಖಾಲಿ ಹೊಟ್ಟೆಗಲ್ಲ.

ಒಂದು ವಿಷಯ ಮಾತ್ರ ತಮಾಷೆಯಲ್ಲ. ದನಿ ಮೂರು ವಾರಕ್ಕಿಂತ ಹೆಚ್ಚು ಒಡೆದೇ ಇದ್ದರೆ, ನುಂಗಲು ಕಷ್ಟವಾದರೆ, ಕಫದಲ್ಲಿ ರಕ್ತ ಕಂಡರೆ, ಕುತ್ತಿಗೆಯಲ್ಲಿ ಗಂಟು ಸಿಕ್ಕರೆ, ತೂಕ ಸುಮ್ಮನೆ ಇಳಿಯುತ್ತಿದ್ದರೆ ಮೊದಲು ಇಎನ್‌ಟಿ ಹತ್ತಿರ ಹೋಗಿ ಕ್ಯಾಮೆರಾ ಹಾಕಿಸಿಕೊಳ್ಳಿ. ಬೀಡಿ, ಸಿಗರೇಟು, ಗುಟ್ಕಾ ಅಭ್ಯಾಸ ಇರುವವರಂತೂ ಮನೆಯಲ್ಲಿ ಕೂತು ರಿಫ್ಲಕ್ಸ್ ಅಂತ ತೀರ್ಮಾನ ಮಾಡಬೇಡಿ.

ಹೋದ ತಿಂಗಳು ನೆಂಟರು ಬರುತ್ತಾರೆ, ಮಂಚ ಸೊಟ್ಟ ಕಾಣುತ್ತದೆ ಅಂತ ಹೆಂಡತಿ ಇಟ್ಟಿಗೆ ತೆಗೆಸಿದಳು. ಆ ಭಾನುವಾರ ಡೈರಿಯಲ್ಲಿ 12 ಬರೆದೆ. ನೆಂಟರು ಸೋಮವಾರ ಹೊರಟರು. ಅವರ ಆಟೋ ತಿರುವು ದಾಟುವ ಮೊದಲೇ ಇಟ್ಟಿಗೆ ಒಳಗೆ ಬಂತು. ಈ ಸಲ ಅವಳೇ ಮಂಚ ಎತ್ತಿ ಹಿಡಿದಳು.