ಕಾಯುವ ಲೋಕ, ಕಾಯದ ಲೋಕ: ಆಬ್ಲಿವಿಯನ್ ರಿಮಾಸ್ಟರ್ಡ್ ಮತ್ತು ಎಕ್ಸ್‌ಪೆಡಿಷನ್ 33

2025ರ ಏಪ್ರಿಲ್ ತಿಂಗಳಲ್ಲಿ, ಎರಡೇ ದಿನಗಳ ಅಂತರದಲ್ಲಿ, ಫ್ಯಾಂಟಸಿ ರೋಲ್ ಪ್ಲೇಯಿಂಗ್ ಆಟಗಳನ್ನು, ಅಂದರೆ ಕಾಲ್ಪನಿಕ ಲೋಕದಲ್ಲಿ ಒಂದು ಪಾತ್ರವಾಗಿ ಆಡುವ ವಿಡಿಯೋ ಆಟಗಳನ್ನು, ಇಷ್ಟಪಡುವವರ ಮುಂದೆ ಎರಡು ದೊಡ್ಡ ಆಟಗಳು ಬಂದು ನಿಂತವು. 22ರಂದು ಬೆಥೆಸ್ಡಾ ಸಂಸ್ಥೆಯು ತನ್ನ 2006ರ ಪ್ರಸಿದ್ಧ ಆಟ ‘ದಿ ಎಲ್ಡರ್ ಸ್ಕ್ರೋಲ್ಸ್ 4: ಆಬ್ಲಿವಿಯನ್’ನ ನವೀಕೃತ ರೂಪವನ್ನು ಘೋಷಿಸಿದ ದಿನವೇ ಬಿಡುಗಡೆಯನ್ನೂ ಮಾಡಿತು, 24ರಂದು ಫ್ರಾನ್ಸಿನ ಮಾಂಪೆಲಿಯೆ ನಗರದ ಸ್ಯಾಂಡ್‌ಫಾಲ್ ಇಂಟರಾಕ್ಟಿವ್ ಎಂಬ ಸುಮಾರು ಮೂವತ್ತು ಜನರ ತಂಡದ ಮೊದಲ ಆಟ ‘ಕ್ಲೇರ್ ಒಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಹೊರಬಂದಿತು. ಎರಡೂ ಮೊದಲ ದಿನದಿಂದಲೇ ಮೈಕ್ರೋಸಾಫ್ಟ್ ಸಂಸ್ಥೆಯ ಗೇಮ್ ಪಾಸ್ ಸೇವೆಯ ಚಂದಾದಾರರಿಗೆ ಲಭ್ಯವಿದ್ದುದರಿಂದ ಒಂದನ್ನು ಕೊಂಡು ಇನ್ನೊಂದನ್ನು ಬಿಡಬೇಕಾದ ಪ್ರಮೇಯ ನನಗೆ ಬರಲಿಲ್ಲ. ಒಂದು ರಾತ್ರಿ ಇದು, ಮರುರಾತ್ರಿ ಅದು ಎಂಬ ಕ್ರಮದಲ್ಲಿ, ಕೆಲಸ ಮುಗಿಸಿ ಊಟವಾದ ಮೇಲೆ ಉಳಿಯುವ ಒಂದೂವರೆ ಗಂಟೆಯಲ್ಲಿ, ಸುಮಾರು ಎರಡು ತಿಂಗಳು ಎರಡನ್ನೂ ಆಡಿದೆ. ಒಂದೇ ಕಂಪ್ಯೂಟರ್, ಒಂದೇ ಕಂಟ್ರೋಲರ್, ಎರಡರಲ್ಲೂ ಮಧ್ಯಮ ಕಾಠಿಣ್ಯದ ಮಟ್ಟ.

ಇವುಗಳನ್ನು ಹೋಲಿಸುವುದೇ ತಪ್ಪು ಎಂದು ಹೇಳಿದ ಗೆಳೆಯರಿದ್ದಾರೆ. ಒಂದು ತೆರೆದ ಬಯಲಿನ ಆಟ, ಇನ್ನೊಂದು ಸರದಿಯ ಪ್ರಕಾರ ಹೋರಾಡುವ ಆಟ ಎಂಬುದು ಅವರ ವಾದ. ಆದರೆ ಒಬ್ಬ ಆಟಗಾರನ ಬಳಿ ಇರುವ ಸಮಯ ಒಂದೇ ಆದ್ದರಿಂದ ಹೋಲಿಕೆ ತಾನಾಗಿಯೇ ಆಗುತ್ತದೆ, ಮತ್ತು ನನ್ನ ಅನುಭವದಲ್ಲಿ ಈ ಎರಡರ ನಡುವಿನ ಮುಖ್ಯ ವ್ಯತ್ಯಾಸವೂ ಕಾಲಕ್ಕೇ ಸಂಬಂಧಿಸಿದ್ದು. ಆಬ್ಲಿವಿಯನ್‌ನ ಲೋಕ ಆಟಗಾರನಿಗಾಗಿ ಕಾಯುತ್ತದೆ. ಎಕ್ಸ್‌ಪೆಡಿಷನ್ 33ರ ಲೋಕ ಯಾರಿಗಾಗಿಯೂ ಕಾಯುವುದಿಲ್ಲ. ಕಥೆ, ಕಾಳಗ, ಊರು, ಜನ ಎಲ್ಲವೂ ಈ ಒಂದು ಭೇದದಿಂದಲೇ ಬೇರೆಬೇರೆಯಾಗಿ ಕಾಣುತ್ತವೆ.

ಎಕ್ಸ್‌ಪೆಡಿಷನ್ 33ರ ಮೊದಲ ಒಂದು ಗಂಟೆ ನಾನು ಇತ್ತೀಚಿನ ವರ್ಷಗಳಲ್ಲಿ ಆಡಿದ ಆಟಗಳ ಆರಂಭಗಳಲ್ಲಿ ಅತ್ಯುತ್ತಮವಾದುದು. ಲುಮಿಯೇರ್ ಎಂಬ ನಗರದಿಂದ ನೋಡಿದರೆ ಸಮುದ್ರದಾಚೆ ಒಂದು ಬೃಹತ್ ಕಲ್ಲಿನ ಸ್ತಂಭ ಕಾಣುತ್ತದೆ, ಅದರ ಮೇಲೆ ಒಂದು ಸಂಖ್ಯೆ ಹೊಳೆಯುತ್ತಿರುತ್ತದೆ. ವರ್ಷಕ್ಕೊಮ್ಮೆ ‘ಪೇಂಟ್ರೆಸ್’ ಎಂಬ ಚಿತ್ರಕಾರ್ತಿ ಎದ್ದು ಹಳೆಯ ಸಂಖ್ಯೆಯನ್ನು ಅಳಿಸಿ ಒಂದು ಕಡಿಮೆ ಸಂಖ್ಯೆಯನ್ನು ಬರೆಯುತ್ತಾಳೆ, ಆ ವಯಸ್ಸಿನವರೆಲ್ಲರೂ ಆ ಕ್ಷಣವೇ ಹೂವಿನ ಪಕಳೆಗಳಾಗಿ ಗಾಳಿಯಲ್ಲಿ ಕರಗಿಹೋಗುತ್ತಾರೆ. ಅವಳನ್ನು ತಡೆಯಲು ಊರಿನಿಂದ ಪ್ರತಿ ವರ್ಷ ಒಂದು ಎಕ್ಸ್‌ಪೆಡಿಷನ್, ಅಂದರೆ ಯಾತ್ರೆ, ಹೊರಡುತ್ತದೆ. ಆಟ ಶುರುವಾಗುವ ದಿನ 34 ಇದ್ದದ್ದು 33 ಆಗಲಿದೆ. ಊರಿನಲ್ಲಿ ಅದು ಬೀಳ್ಕೊಡುಗೆಯ ದಿನ. ಹೋಗಲಿರುವವರು ಕೊರಳಿಗೆ ಹೂವಿನ ಹಾರ ಹಾಕಿಕೊಂಡು ಬಂದರಿನತ್ತ ನಡೆಯುತ್ತಾರೆ, ಉಳಿಯುವವರು ಜೊತೆಯಲ್ಲಿ ನಡೆಯುತ್ತಾರೆ. ಗುಸ್ತಾವ್ ಎಂಬ ಯುವಕ ತಾನು ಹಿಂದೊಮ್ಮೆ ಪ್ರೀತಿಸಿದ್ದ ಸೋಫಿಯ ಜೊತೆ ಆ ದಾರಿಯಲ್ಲಿ ಹೋಗುವಾಗ ನಾವು ಮಾಡಬೇಕಾದದ್ದು ಬಹಳ ಕಡಿಮೆ: ನಡೆಯಬೇಕು, ನಾಲ್ಕು ಜನರನ್ನು ಮಾತನಾಡಿಸಬೇಕು. ಬಂದರನ್ನು ತಲುಪುವುದನ್ನು ಮುಂದೂಡಲು ನಾನು ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರ ಬಳಿಯೂ ನಿಂತೆ. ಆಟದ ಹಿನ್ನೆಲೆಯನ್ನು ವಿವರಿಸುವ ಒಂದು ಉಪನ್ಯಾಸವೂ ಇಲ್ಲದೆ, ಗುಸ್ತಾವ್‌ಗೆ ಇನ್ನು ಒಂದೇ ವರ್ಷ ಉಳಿದಿದೆ ಎಂಬುದು ನನ್ನ ಮನಸ್ಸಿಗೆ ಇಳಿದಿತ್ತು. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ, ಎಂದೂ ಆಟ ಆಡದ ನನ್ನ ತಂಗಿ ಆ ದೃಶ್ಯ ಮುಗಿದ ಮೇಲೆ ಎದ್ದು ಹೋಗಲಿಲ್ಲ. ಅಂದಿನಿಂದ ಈ ಆಟದ ರಾತ್ರಿಗಳಲ್ಲಿ ಅವಳೂ ಬಂದು ಕೂರುವುದು ವಾಡಿಕೆಯಾಯಿತು.

ಆಬ್ಲಿವಿಯನ್‌ನ ಆರಂಭದ ಶಕ್ತಿ ಬೇರೆ ಬಗೆಯದು. ಸೆರೆಮನೆಯ ಕೋಣೆ, ಅದರೊಳಗಿನ ಗುಪ್ತದಾರಿಯಿಂದ ಪಾರಾಗಲು ಬಂದ ಚಕ್ರವರ್ತಿ ಯುರಿಯಲ್ ಸೆಪ್ಟಿಮ್, ಅವನ ಕೊಲೆ, ನಮ್ಮ ಕೈಗೆ ಬರುವ ರಾಜಪದಕ, ಇವೆಲ್ಲವೂ ಬೇಗಬೇಗ ನಡೆದುಹೋಗುತ್ತವೆ. ನೆನಪಿನಲ್ಲಿ ಉಳಿಯುವುದು ಅದರ ನಂತರದ ಕ್ಷಣ. ಚರಂಡಿಯ ಕೊನೆಯ ಜಾಲರಿ ಬಾಗಿಲನ್ನು ತೆರೆದು ಹೊರಬಂದರೆ ಎದುರಿಗೆ ರುಮಾರೆ ಸರೋವರ, ನೀರಿನಾಚೆ ವಿಲ್ವೆರಿನ್ ಎಂಬ ಬಿಳಿಗಲ್ಲಿನ ಪಾಳು, ಅದರ ಹಿಂದೆ ಕಾಡು, ಗುಡ್ಡ. ಪದಕವನ್ನು ಜೋಫ್ರಿ ಎಂಬವನಿಗೆ ಒಪ್ಪಿಸಬೇಕೆಂಬ ಸೂಚನೆ ಇದೆ, ಆದರೆ ಅಲ್ಲಿಗೆ ಹೋಗಲೇಬೇಕೆಂಬ ಒತ್ತಾಯ ಯಾರಿಂದಲೂ ಇಲ್ಲ. ಹಳೆಯ ಆಟವನ್ನು ಕಾಲೇಜಿನ ದಿನಗಳಲ್ಲಿ ಗೆಳೆಯನ ಮನೆಯಲ್ಲಿ ಆಡಿದ್ದೆ. ಆಗ ದೂರದ ಕಾಡು ಹಸಿರು ಬಣ್ಣದ ಪಟ್ಟಿಯಂತೆ ಕಾಣುತ್ತಿತ್ತು. ಈಗ ನೀರಿನ ಮೇಲಿನ ಬೆಳಕು, ಕಲ್ಲಿನ ಮೇಲಿನ ಪಾಚಿ ಕೂಡ ಕಾಣುತ್ತದೆ. ಅಂದಿನಂತೆಯೇ ಈ ಸಲವೂ ನಾನು ನೇರವಾಗಿ ನೀರಿಗಿಳಿದು ವಿಲ್ವೆರಿನ್‌ನತ್ತ ಈಜಿದೆ.

ಕಾಳಗದ ವಿಷಯದಲ್ಲಿ ಎರಡರ ನಡುವೆ ಸಮಬಲ ಇದೆ ಎಂದು ಹೇಳಲಾರೆ. ಎಕ್ಸ್‌ಪೆಡಿಷನ್ 33ರಲ್ಲಿ ನಮ್ಮ ಸರದಿ ಬಂದಾಗ ಬೇಕಾದಷ್ಟು ಹೊತ್ತು ಯೋಚಿಸಬಹುದು. ಶತ್ರುವಿನ ಸರದಿಯಲ್ಲಿ ಮಾತ್ರ ಪ್ರತಿ ಏಟನ್ನೂ ಅದೇ ಕ್ಷಣದಲ್ಲಿ ತಪ್ಪಿಸಿಕೊಳ್ಳಬೇಕು ಅಥವಾ ತಡೆಯಬೇಕು. ತಪ್ಪಿಸಿಕೊಳ್ಳುವುದು ಸ್ವಲ್ಪ ಸುಲಭ. ತಡೆಯುವುದಕ್ಕೆ, ಅಂದರೆ ಆಟಗಾರರು ಪ್ಯಾರಿ ಎನ್ನುವುದಕ್ಕೆ, ಸಿಗುವ ಅವಕಾಶ ಕಣ್ಣು ಮಿಟುಕಿಸುವಷ್ಟು. ಆದರೆ ತಡೆದ ಪ್ರತಿ ಏಟಿಗೂ ಮುಂದಿನ ಸರದಿಯಲ್ಲಿ ಕೌಶಲಗಳಿಗೆ ಬಳಸುವ ಅಂಕ ದೊರೆಯುತ್ತದೆ, ಒಂದು ಸರಣಿಯ ಎಲ್ಲ ಏಟುಗಳನ್ನೂ ತಡೆದರೆ ಪ್ರತಿದಾಳಿಯೂ ತಾನಾಗಿ ನಡೆಯುತ್ತದೆ.

ಮೊದಲ ಎರಡು ರಾತ್ರಿ ಈ ವ್ಯವಸ್ಥೆ ನನಗೆ ಹಿಡಿಸಲಿಲ್ಲ. ಸ್ಪ್ರಿಂಗ್ ಮೆಡೋಸ್ ಎಂಬ ಹಸಿರು ಕಣಿವೆಯ ಕೊನೆಯಲ್ಲಿ ನಿಂತಿರುವ ಎವೆಕ್ ಎಂಬ ಬಾಸ್, ಅಂದರೆ ದೊಡ್ಡ ಶತ್ರು, ಆಯುಧ ಎತ್ತಿದೊಡನೆ ನಾನು ಬಟನ್ ಒತ್ತುತ್ತಿದ್ದೆ, ಅದು ಅರೆಗಳಿಗೆ ತಡೆದು ಹೊಡೆಯುತ್ತಿತ್ತು, ಗುಸ್ತಾವ್ ಮತ್ತು ಯಾತ್ರೆಯಲ್ಲಿ ಅವನ ಸಂಗಾತಿಯಾದ ಲೂನ್ ಇಬ್ಬರೂ ಬೀಳುತ್ತಿದ್ದರು. ಐದಾರು ಸಲ ಸೋತ ಮೇಲೆ ನೋಡುವುದನ್ನು ಕಡಿಮೆ ಮಾಡಿ ಕೇಳಲು ಶುರುಮಾಡಿದೆ. ಪ್ರತಿ ಶತ್ರುವಿನ ಏಟಿಗೂ ಒಂದು ಲಯವಿದೆ. ಕರಾವಳಿಯ ನಮ್ಮ ಊರಿನಲ್ಲಿ ಯಕ್ಷಗಾನದ ಆಟ ನೋಡಿ ಬೆಳೆದ ನನಗೆ ಅದು ಚೆಂಡೆಯ ಮುಕ್ತಾಯಕ್ಕೆ ಕಾದು ಹೆಜ್ಜೆ ಊರುವ ವೇಷಧಾರಿಯ ಎಣಿಕೆಯನ್ನು ನೆನಪಿಸಿತು: ಪೆಟ್ಟು ಬೀಳುವ ಜಾಗ ಗೊತ್ತಿರುತ್ತದೆ, ಆದರೆ ಅದಕ್ಕಿಂತ ಮೊದಲು ಬರುವ ಖಾಲಿ ಜಾಗವನ್ನು ಸಹಿಸಿಕೊಳ್ಳುವುದು ಕಷ್ಟ. ಕಿವಿಗೆ ಆ ಲಯ ಸಿಕ್ಕಿದ ಮೇಲೆ ಮೂರು ಏಟುಗಳನ್ನು ಒಂದರ ಹಿಂದೆ ಒಂದರಂತೆ ತಡೆದೆ, ಗುಸ್ತಾವ್ ತಿರುಗಿ ಹೊಡೆದ, ಎವೆಕ್ ಕುಸಿಯಿತು. ಅಂದಿನಿಂದ ಸಣ್ಣಪುಟ್ಟ ಕಾಳಗಗಳಲ್ಲಿಯೂ ನನ್ನ ಗಮನ ಆಚೀಚೆ ಹೋಗಲಿಲ್ಲ. ಕೈಬೆರಳಿನ ವೇಗವನ್ನೇ ನೆಚ್ಚಿಕೊಳ್ಳಲು ಆಗದವರಿಗೆ ಕಥೆಗೆ ಆದ್ಯತೆ ಕೊಡುವ ಸುಲಭ ಮಟ್ಟವೂ, ನಮ್ಮ ದಾಳಿಯ ವೇಳೆ ಒತ್ತಬೇಕಾದ ಬಟನ್‌ಗಳನ್ನು ಆಟವೇ ನೋಡಿಕೊಳ್ಳುವ ಆಯ್ಕೆಯೂ ಇವೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಆಬ್ಲಿವಿಯನ್‌ನಲ್ಲಿ ಕಾಳಗ ಪೂರ್ತಿಯಾಗಿ ನೇರ ಸಮಯದಲ್ಲೇ ನಡೆದರೂ ಇಷ್ಟು ಗಮನವನ್ನು ಬೇಡುವುದಿಲ್ಲ. ನವೀಕರಣದಲ್ಲಿ ಓಡುವ ಸೌಲಭ್ಯ ಬಂದಿದೆ, ಏಟು ತಗುಲಿದ್ದು ಮೊದಲಿಗಿಂತ ಚೆನ್ನಾಗಿ ಅರಿವಾಗುತ್ತದೆ, ಆದರೂ ಕತ್ತಿ ಬೀಸುತ್ತಾ ಹಿಂದೆ ಸರಿಯುವುದೇ ಬಹುಪಾಲು ಯುದ್ಧತಂತ್ರ. ಅದಕ್ಕಿಂತ ದೊಡ್ಡ ಕೊರತೆ 2006ರಿಂದಲೇ ಬಂದದ್ದು: ನಮ್ಮ ಲೆವೆಲ್ ಏರಿದಂತೆ ಇಡೀ ಲೋಕದ ಶತ್ರುಗಳೂ ಬಲಿಯುತ್ತಾರೆ. ಆರಂಭದಲ್ಲಿ ಹರಕು ಚರ್ಮದ ಅಂಗಿ ತೊಟ್ಟು 100 ಚಿನ್ನದ ನಾಣ್ಯ ಕೇಳುವ ದಾರಿಗಳ್ಳ, ಮುಂದೆ ಅದರ ಎಷ್ಟೋ ಪಟ್ಟು ಬೆಲೆಬಾಳುವ ಗಾಜಿನ ಕವಚ ತೊಟ್ಟು ಅದೇ 100 ನಾಣ್ಯ ಕೇಳುತ್ತಾನೆ. ನಾನು ಗಳಿಸಿದ ಶಕ್ತಿಗೆ ಅರ್ಥ ಕೊಡುವುದು ನಾನು ದಾಟಿ ಬಂದ ಕಷ್ಟ. ಆ ಕಷ್ಟವೇ ನನ್ನ ಜೊತೆ ಮೆಟ್ಟಿಲು ಹತ್ತಿ ಬಂದರೆ ಬೆಳೆದೆ ಎಂಬ ಭಾವ ಹುಟ್ಟುವುದಾದರೂ ಹೇಗೆ? ಇಷ್ಟೆಲ್ಲ ತಿದ್ದಿದವರು ಇದನ್ನೂ ತಿದ್ದಬೇಕಾಗಿತ್ತು.

ಲೆವೆಲ್ ಏರುವ ಕ್ರಮವನ್ನು ಮಾತ್ರ ತಿದ್ದಿದ್ದಾರೆ, ಅದು ದೊಡ್ಡ ಉಪಕಾರ. ಹಳೆಯ ಆಟದಲ್ಲಿ ಲೆವೆಲ್ ಏರಿದಾಗ ಬಲ, ಚುರುಕುತನದಂಥ ಒಂದು ಗುಣಕ್ಕೆ ಪೂರ್ತಿ ಐದು ಅಂಕ ಸಿಗಬೇಕಾದರೆ ಅದಕ್ಕೆ ಸೇರಿದ ಕೌಶಲಗಳು ಒಟ್ಟು ಹತ್ತು ಸಲ ಏರಿರಬೇಕಿತ್ತು. ಕಾಗದದಲ್ಲಿ ಲೆಕ್ಕ ಬರೆದಿಟ್ಟುಕೊಂಡು ಆಡುತ್ತಿದ್ದವರನ್ನು ನಾನು ಬಲ್ಲೆ. ಈಗ ಪ್ರತಿ ಲೆವೆಲ್‌ಗೂ 12 ಅಂಕ ಸಿಗುತ್ತದೆ, ಅದನ್ನು ಮೂರು ಗುಣಗಳವರೆಗೆ ನಮಗೆ ಬೇಕಾದಂತೆ ಹಂಚಬಹುದು. ಎಕ್ಸ್‌ಪೆಡಿಷನ್ 33ರಲ್ಲಿ ‘ಪಿಕ್ಟೋಸ್’ ಎಂಬ ಆಭರಣದಂಥ ವಸ್ತುಗಳಿವೆ. ಒಂದನ್ನು ತೊಟ್ಟು ನಾಲ್ಕು ಕಾಳಗ ಗೆದ್ದರೆ ಅದರ ಗುಣವನ್ನು ತಂಡದ ಯಾರು ಬೇಕಾದರೂ ಕಲಿತಂತೆ, ವಸ್ತು ಇಲ್ಲದೆಯೂ ಬಳಸಬಹುದು. ಇದರ ಕೂಡು-ಕಳೆಯುವಿಕೆಯಲ್ಲಿ ನಾನು ಕಳೆದ ಸಂಜೆಗಳು ಕಾಳಗದಷ್ಟೇ ರುಚಿಯಾಗಿದ್ದವು.

ಊರು ಮತ್ತು ಜನರ ಮಾತು ಬಂದರೆ ತಕ್ಕಡಿ ಪೂರ್ತಿ ಆಬ್ಲಿವಿಯನ್‌ನ ಕಡೆಗೆ ವಾಲುತ್ತದೆ. ಅಲ್ಲಿನ ಪ್ರತಿಯೊಬ್ಬರಿಗೂ ದಿನಚರಿಯಿದೆ. ಅಂಗಡಿಯವನು ರಾತ್ರಿ ಬೀಗ ಹಾಕಿ ಮನೆಗೆ ಹೋಗುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಒಂದು ಸೇಬನ್ನು ಕದ್ದರೂ ನೋಡಿದವರು ಸುಮ್ಮನಿರುವುದಿಲ್ಲ. ಕಾವಲುಗಾರ ಬಂದು ದಂಡ ಕೇಳುತ್ತಾನೆ, ಸೆರೆಮನೆ ಸೇರಿದರೆ ಕಲಿತ ಕೌಶಲಗಳೂ ತುಸು ಕುಗ್ಗುತ್ತವೆ. ಅದೇ ವರ್ಷದ ಫೆಬ್ರವರಿ 18ರಂದು ಬಂದ ಒಬ್ಸಿಡಿಯನ್ ಸಂಸ್ಥೆಯ ‘ಅವೌಡ್’ ಆಟವನ್ನೂ ನಾನು ಸ್ವಲ್ಪ ಕಾಲ ಆಡಿದ್ದೆ. ಬಣ್ಣದ ಕಾಡು, ಗೋಡೆ ಹತ್ತುವ ಸುಖ, ಒಂದು ಕೈಯಲ್ಲಿ ಮಂತ್ರದಂಡ ಇನ್ನೊಂದರಲ್ಲಿ ಪಿಸ್ತೂಲು ಹಿಡಿಯುವ ಸ್ವಾತಂತ್ರ್ಯ ಎಲ್ಲವೂ ಚೆನ್ನಾಗಿದ್ದರೂ, ಮನೆಯವರ ಎದುರೇ ಅವರ ಪೆಟ್ಟಿಗೆ ತೆರೆದು ಹಣ ತೆಗೆದುಕೊಂಡಾಗ ಯಾರೂ ತಲೆ ಎತ್ತಲಿಲ್ಲ. ಹತ್ತೊಂಬತ್ತು ವರ್ಷ ಹಳೆಯ ಆಟದ ಊರು ಅದಕ್ಕಿಂತ ಜೀವಂತವಾಗಿದೆ. ಎಕ್ಸ್‌ಪೆಡಿಷನ್ 33 ಈ ಸ್ಪರ್ಧೆಗೇ ಇಳಿಯುವುದಿಲ್ಲ. ಲುಮಿಯೇರ್ ಬಿಟ್ಟ ಮೇಲೆ ಹಿಂದಿನ ಯಾತ್ರೆಗಳಲ್ಲಿ ಹೋದವರ ದಿನಚರಿಯ ಟಿಪ್ಪಣಿಗಳು ಸಿಗುತ್ತವೆ, ರಾತ್ರಿಯ ಬಿಡಾರದಲ್ಲಿ ಸಂಗಾತಿಗಳ ಮಾತು ಸಿಗುತ್ತದೆ. ದಾರಿಯ ಇಕ್ಕೆಲದಲ್ಲೂ ಅದ್ಭುತ ಚಿತ್ರಗಳಿವೆ, ಆದರೆ ದಾರಿ ಇಕ್ಕಟ್ಟು, ಪ್ರದೇಶಗಳ ಒಳಗೆ ನಕ್ಷೆ ಇಲ್ಲದ್ದರಿಂದ ಒಂದೇ ಬಂಡೆಯನ್ನು ಮೂರು ಸಲ ಸುತ್ತಿದ್ದೂ ಉಂಟು.

ಮಾತಿನ ವಿಷಯ. ಎರಡರಲ್ಲೂ ಕನ್ನಡದ ಸಬ್‌ಟೈಟಲ್ ಇಲ್ಲ. ಆಬ್ಲಿವಿಯನ್‌ನಲ್ಲಿ ಚಕ್ರವರ್ತಿಗೆ ಪ್ಯಾಟ್ರಿಕ್ ಸ್ಟೀವರ್ಟ್, ಅವನ ಮಗ ಮಾರ್ಟಿನ್‌ಗೆ ಶಾನ್ ಬೀನ್ ದನಿ ಕೊಟ್ಟಿದ್ದಾರೆ. ಊರಿನ ಸಾಮಾನ್ಯರ ದನಿಗಳು ಮಾತ್ರ ಮತ್ತೆ ಮತ್ತೆ ಅವೇ ಕೇಳಿಸುತ್ತವೆ. ಎಕ್ಸ್‌ಪೆಡಿಷನ್ 33ರಲ್ಲಿ ಗುಸ್ತಾವ್‌ಗೆ ಚಾರ್ಲಿ ಕಾಕ್ಸ್, ಅವನ ಜೊತೆ ಯಾತ್ರೆ ಹೊರಡುವ ಹುಡುಗಿ ಮಯೆಲ್‌ಗೆ ಜೆನಿಫರ್ ಇಂಗ್ಲಿಷ್ ದನಿ. ಕೆಲವು ರಾತ್ರಿ ನಾವು ಫ್ರೆಂಚ್ ದನಿಗೆ ಬದಲಿಸಿ ಇಂಗ್ಲಿಷ್ ಅಕ್ಷರಗಳನ್ನು ಓದುತ್ತಾ ಆಡಿದೆವು, ತಂಗಿಗೆ ಬೇಕಾದಲ್ಲಿ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಫ್ರೆಂಚ್ ತಿಳಿಯದ ನಮಗೂ ಆ ಊರಿನ ಬೀದಿಗಳಿಗೆ ಆ ಭಾಷೆಯೇ ಹೊಂದುತ್ತದೆ ಎನಿಸಿತು. ಲೋರಿಯನ್ ತೆಸ್ತಾರ್ ಅವರ ಸಂಗೀತವಂತೂ ಆಟ ಮುಗಿದ ಮೇಲೂ ನಮ್ಮ ಮನೆಯಲ್ಲಿ ಕೇಳಿಸುತ್ತಿದೆ. ಜೆರೆಮಿ ಸೋಲ್ ಅವರ ಹಳೆಯ ಸಂಗೀತ ಆಬ್ಲಿವಿಯನ್‌ನ ಬಯಲಿಗೆ ಇಂದಿಗೂ ಒಪ್ಪುತ್ತದೆ.

ಎರಡೂ ಅನ್‌ರಿಯಲ್ ಎಂಜಿನ್ 5 ಎಂಬ, ಆಟ ಕಟ್ಟುವ ತಂತ್ರಾಂಶವನ್ನು ಬಳಸುತ್ತವೆ, ಆಬ್ಲಿವಿಯನ್‌ನಲ್ಲಿ ಅದರ ಅಡಿಯಲ್ಲಿ ಹಳೆಯ ಎಂಜಿನ್ನೂ ಕೆಲಸ ಮಾಡುತ್ತಿರುತ್ತದೆ. ಡಿಸ್ಕಿನಲ್ಲಿ ಅದು ಎಕ್ಸ್‌ಪೆಡಿಷನ್ 33ಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಚಿಕ್ಕ ಡಿಸ್ಕ್ ಇರುವವರು ಮೊದಲೇ ನೋಡಿಕೊಳ್ಳಬೇಕು.

ಯಾವುದನ್ನು ಮೊದಲು ಆಡಬೇಕೆಂದು ಕೇಳಿದವರಿಗೆಲ್ಲ ನಾನು ಎಕ್ಸ್‌ಪೆಡಿಷನ್ 33 ಎಂದೇ ಹೇಳಿದ್ದೇನೆ. ಮುಖ್ಯ ಕಥೆ ಸುಮಾರು ಮೂವತ್ತು ಗಂಟೆಗಳಲ್ಲಿ ಮುಗಿಯುತ್ತದೆ, ಅದರಲ್ಲಿ ವ್ಯರ್ಥವೆನಿಸುವ ಗಂಟೆ ಕಡಿಮೆ, ಮತ್ತು ಅದು ಕೊನೆಯಲ್ಲಿ ಕೇಳುವ ಪ್ರಶ್ನೆಯ ಬಗ್ಗೆ ನಾನೂ ತಂಗಿಯೂ ಒಂದು ವಾರ ವಾದ ಮಾಡಿದೆವು, ಇಂದಿಗೂ ಒಪ್ಪಿಲ್ಲ. 2025ರ ಕೊನೆಯಲ್ಲಿ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಎಂಬ ಪ್ರಶಸ್ತಿ ಅದಕ್ಕೆ ಬಂದಾಗ ನಮಗಿಬ್ಬರಿಗೂ ಆಶ್ಚರ್ಯವಾಗಲಿಲ್ಲ. ಆದರೆ ಕಥೆ ಮುಗಿದ ಮೇಲೆ ಅದನ್ನು ಮತ್ತೆ ತೆರೆಯಲು ನನಗೆ ಮನಸ್ಸಾಗಿಲ್ಲ. ಆಬ್ಲಿವಿಯನ್‌ನ ಮುಖ್ಯ ಕಥೆಯನ್ನು ನಾನಿನ್ನೂ ಅರ್ಧವೂ ನೋಡಿಲ್ಲ, ಆದರೂ ಅದು ಕಂಪ್ಯೂಟರಿನಲ್ಲಿ ಹಾಗೆಯೇ ಇದೆ.

ಅಲ್ಲಿ ನನ್ನ ಬಿಲ್ಲುಗಾರ್ತಿ ಈಗ 19ನೆಯ ಲೆವೆಲ್‌ನಲ್ಲಿದ್ದಾಳೆ. ಪದಕವನ್ನು ಜೋಫ್ರಿಗೆ ಒಪ್ಪಿಸಿಯಾಗಿದೆ, ರಾಜಕುಮಾರ ಮಾರ್ಟಿನ್‌ನನ್ನು ಕರೆತರಲು ಕ್ವಾಚ್ ಎಂಬ ಊರಿಗೆ ಹೋಗಬೇಕೆಂದು ಅವನು ಹೇಳಿಯೂ ಆಗಿದೆ. ತಡವಾದಷ್ಟೂ ಅಲ್ಲಿ ನರಕದಂಥ ಲೋಕಕ್ಕೆ ತೆರೆದುಕೊಂಡಿರುವ ಬೆಂಕಿಯ ಬಾಗಿಲಿನೊಳಗಿನ ಶತ್ರುಗಳು ಬಲಿಯುತ್ತಾರೆಂದು ನನಗೆ ಗೊತ್ತಿದೆ. ನಿನ್ನೆ ರಾತ್ರಿ ಗುಡ್ಡದ ಬುಡದವರೆಗೂ ಹೋಗಿದ್ದೆ. ಸುಟ್ಟ ಊರಿನಿಂದ ಓಡಿಬಂದವರು ಡೇರೆಗಳ ಮುಂದೆ ನಿಂತಿದ್ದರು, ಮೇಲೆ ಆಕಾಶ ಕೆಂಪಾಗಿತ್ತು. ಗಂಟೆ ಹನ್ನೊಂದೂವರೆಯಾಗಿತ್ತು. ಸೇವ್ ಮಾಡಿ ಎದ್ದೆ.